ಮೊದಲು ಉಪ್ಪು, ಆಮೇಲೆ ನಿಮ್ಮ ವಿಟಮಿನ್ ಡಬ್ಬಿ

ನಮಸ್ಕಾರ ಎಲ್ಲರಿಗೂ. ಹಿಂದೆ ಫ್ಯಾನ್ ಸದ್ದು ಕೇಳಿಸಿದರೆ ಹೊಂದಿಕೊಳ್ಳಿ. ಏಪ್ರಿಲ್ ತಿಂಗಳು, ಬಳ್ಳಾರಿ, ಮಹಡಿ ಮೇಲಿನ ರೂಮು. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡು ಅಂದರೆ ನಾನು ಒಲ್ಲೆ. ನಿಮಗೆ ಆಡಿಯೋ ಮುಖ್ಯ, ನನಗೆ ಜೀವ.

ಇವತ್ತು ಬೂಟಿನ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ರೆಡಿ ಇತ್ತು. ಆದರೆ ಓಡಿದ ಮೇಲೆ ಉಪ್ಪು ಮಜ್ಜಿಗೆ ಕುಡಿಯಿರಿ ಅಂದಿದ್ದ ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಕಮೆಂಟ್ ಹಾಕಿದ್ದಾರೆ. ಪ್ರೊಫೈಲ್ ಫೋಟೋದಲ್ಲಿ ಸಿಂಹ. ಓದುತ್ತೇನೆ ಕೇಳಿ. "ಸರ್, ನೀವಿನ್ನೂ ಅಜ್ಜಿ ಕಾಲದಲ್ಲೇ ಇದ್ದೀರಿ. ಉಪ್ಪು ಮಜ್ಜಿಗೆ ಕುಡಿದು ಒಲಿಂಪಿಕ್ಸ್‌ಗೆ ಹೋದವರು ಯಾರಿದ್ದಾರೆ? ನಾನು ಮಲ್ಟಿವಿಟಮಿನ್ ಶುರು ಮಾಡಿದ ಮೇಲೆ ಸ್ಟ್ಯಾಮಿನಾ ಡಬಲ್." ಕೊನೆಗೆ ತೋಳಿನ ಇಮೋಜಿ ಮೂರು. ಈ ಕಮೆಂಟಿಗೆ 41 ಲೈಕು. ನನ್ನ ವಿಡಿಯೋಗೆ 38.

ಬೂಟು ಮುಂದಿನ ವಾರ.

ಸಿಂಹ ಸರ್, ನಮಸ್ಕಾರ. ನಾನು ಹೇಳುವುದು ಒಂದೇ ಮಾತು. ಬೆವರಿನಲ್ಲಿ ಹೋಗುವುದು ವಿಟಮಿನ್ ಅಲ್ಲ, ಉಪ್ಪು. ಏನು ಹೋಯಿತೋ ಅದನ್ನು ವಾಪಸ್ ಹಾಕಬೇಕು. ಜೇಬಿನಿಂದ ನೂರು ರೂಪಾಯಿ ಬಿದ್ದರೆ ಯಾರಾದರೂ ಅದರ ಬದಲು ಬಾಚಣಿಗೆ ಇಟ್ಟುಕೊಳ್ಳುತ್ತಾರಾ?

ಸಾಕ್ಷಿ ಬೇಕಾ? ನಮ್ಮ ಮಾಳಿಗೆ ಹಗ್ಗದ ಮೇಲೆ ನೇತಾಡುತ್ತಿದೆ. ಭಾನುವಾರ ನಾನು ಹಾಕಿಕೊಂಡು ಓಡಿದ ಕಪ್ಪು ಟೀ ಶರ್ಟು. ಹೊಸಪೇಟೆ ರಸ್ತೆ ಕಡೆಗೆ ಎರಡು ತಾಸು ಓಡಿ ಬಂದು, ಒಗೆಯದೆ ಹಾಗೇ ಹಾಕಿದ್ದೆ. ಒಣಗಿದ ಮೇಲೆ ಬೆನ್ನಿನ ತುಂಬ ಬಿಳಿ ಗೆರೆ. ಕಂಕುಳ ಹತ್ತಿರ ದಪ್ಪ ಗೆರೆ, ಸೊಂಟದ ಹತ್ತಿರ ತೆಳು ಗೆರೆ, ಮಧ್ಯದಲ್ಲಿ ನಕ್ಷೆಯಲ್ಲಿ ನದಿ ಬರೆದ ಹಾಗೆ ಒಂದು ವಂಕಿ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ನಮ್ಮ ಅವ್ವ ನೋಡಿ, "ಇದೇನೋ, ಸುಣ್ಣ ಬಳದಂಗ ಆಗೇತಿ" ಅಂದಳು. ಸುಣ್ಣ ಅಲ್ಲವ್ವಾ, ಅದು ನಾನು. ನಾಲಿಗೆಗೆ ಹಚ್ಚಿ ನೋಡಿದೆ. ಅಸಹ್ಯ ಪಡಬೇಡಿ, ನನ್ನದೇ ಬೆವರು. ಉಪ್ಪುಪ್ಪು. ವಿಟಮಿನ್ ಸಿ ಹುಳಿ ಎಲ್ಲೂ ಸಿಗಲಿಲ್ಲ ಸಿಂಹ ಸರ್.

ಅವತ್ತೇ ತೂಕವನ್ನೂ ನೋಡಿದ್ದೆ. ಹೋಗುವಾಗ 68.4 ಕಿಲೋ. ಬಂದ ಮೇಲೆ 66.6. ನಡುವೆ 600 ಎಂಎಲ್ ನೀರು ಕುಡಿದಿದ್ದೆ. ಅಂದರೆ ಮೈಯಿಂದ ಸುಮಾರು 2.4 ಲೀಟರ್ ಬೆವರು ಹೋಗಿದೆ. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಆಸುಪಾಸು ಸೋಡಿಯಂ ಇರುತ್ತದೆ. ಕೆಲವರಿಗೆ ಅದರ ಅರ್ಧಕ್ಕಿಂತ ಕಮ್ಮಿ, ಕೆಲವರಿಗೆ ಹೆಚ್ಚುಕಮ್ಮಿ ಎರಡರಷ್ಟು. ನಾವು ತಿನ್ನುವ ಉಪ್ಪಿನಲ್ಲಿ ಸೋಡಿಯಂ ಶೇ 40. ಲೆಕ್ಕ ಹಾಕಿ. ಒಂದು ಟೀ ಚಮಚ ತುಂಬ ಉಪ್ಪು ನನ್ನ ಮೈಯಿಂದ ಆ ರಸ್ತೆ ಮೇಲೆ ಬಿತ್ತು. ಪೊಟ್ಯಾಸಿಯಂ ಕೂಡ ಹೋಗುತ್ತದೆ, ಆದರೆ ಸೋಡಿಯಂ ಮುಂದೆ ಅದು ಚಿಲ್ಲರೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಅದಕ್ಕಿಂತ ಚಿಲ್ಲರೆ.

ಈಗ ಆ ಡಬ್ಬಿ ಕಥೆ. ನಮ್ಮ ಓಣಿಯ ಹುಡುಗನೊಬ್ಬ ಜಿಮ್‌ನಲ್ಲಿ ತಗೊಂಡಿದ್ದ, ನನಗೆ ತೋರಿಸಲು ತಂದ. ನೀರಿಗೆ ಹಾಕಿದರೆ ಬುರುಬುರು ನೊರೆ ಬರುವ ಮಾತ್ರೆ. ತಿಂಗಳಿಗೆ 1,800 ರೂಪಾಯಿ. ಡಬ್ಬಿ ಮೇಲೆ ಮಿಂಚು ಹೊಡೆಯುವ ಚಿತ್ರ. ಹಿಂದೆ ತಿರುಗಿಸಿದೆ. ಇಪ್ಪತ್ತೊಂದು ಹೆಸರು, ಬಿ1, ಬಿ2, ಬಿ6, ಮದುವೆ ಕಾರ್ಡಿನಲ್ಲಿ ಬಂಧುಗಳ ಪಟ್ಟಿ ಇದ್ದ ಹಾಗೆ. ಸೋಡಿಯಂ ಎಷ್ಟು? ಭೂತಗನ್ನಡಿ ಹಿಡಿದು ಹುಡುಕಿದೆ. 60 ಮಿಲಿಗ್ರಾಂ. ನಮ್ಮ ಅವ್ವನ ಮಜ್ಜಿಗೆಗೆ ಕಾಲು ಚಮಚ ಉಪ್ಪು ಬಿದ್ದರೆ 550 ಮಿಲಿಗ್ರಾಂ ದಾಟುತ್ತದೆ. ಆ ಹುಡುಗ ಹೇಳುತ್ತಾನೆ, "ಅಣ್ಣಾ, ಕೆಲಸ ಮಾಡಾಕತ್ತೈತಿ, ಮೂತ್ರ ಹಳದಿ ಬರಾಕತ್ತೈತಿ." ತಮ್ಮಾ, ಅದು ಬಿ2. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೈ ಹೊರಗೆ ಹಾಕುತ್ತಿದೆ. ದುಡ್ಡು ಕೊಟ್ಟು ಮೂತ್ರಕ್ಕೆ ಬಣ್ಣ ಹಾಕಿಸಿಕೊಂಡಿದ್ದೀಯ ಅಷ್ಟೇ.

ಬಣ್ಣ ಅಂದ ಮೇಲೆ ನೆನಪಾಯಿತು, ನಮ್ಮ ಚಾನೆಲ್ ಟೀ ಶರ್ಟ್ ಬಂದಿದೆ. ಇಲ್ಲೇ ಬಳ್ಳಾರಿಯಲ್ಲೇ ಹೊಲಿಸಿದ್ದು. ಜೀನ್ಸ್ ಹೊಲಿದು ಊರೂರಿಗೆ ಕಳಿಸುವ ಊರು ನಮ್ಮದು, ಒಂದು ಟೀ ಶರ್ಟ್ ಹೊಲಿಯೋದು ಕಷ್ಟವಾ? ಬಣ್ಣ ಕಪ್ಪು ಒಂದೇ. ಉಪ್ಪಿನ ಗೆರೆ ಕಾಣಲಿ ಅಂತಲೇ ಕಪ್ಪು. 350 ರೂಪಾಯಿ. ಮೆಸೇಜ್ ಮಾಡಿ.

ಎಲ್ಲಿದ್ದೆ? ಹಾಂ. ಬೆವರಿನಲ್ಲಿ ಹೋಗುವುದು ವಿಟಮಿನ್ ಅಲ್ಲ, ಉಪ್ಪು.

"ಹಂಗಾರೆ ನೀರು ಕುಡಿದರೆ ಸಾಕಲ್ಲ?" ಅನ್ನುತ್ತಾರೆ. ಸಾಕಾಗಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ಒಂದು ಹಾಫ್ ಮ್ಯಾರಥಾನ್‌ಗೆ ಹೋಗಿದ್ದೆ, ಯಾವುದು ಅಂತ ಹೇಳಲ್ಲ. ಫೀ ತಗೊಂಡಿದ್ದರು, ಮೆಡಲ್ ಕೊಟ್ಟಿದ್ದರು, ಡಿಜೆ ಹಾಕಿದ್ದರು. ದಾರಿಯುದ್ದಕ್ಕೂ ನೀರು, ನೀರು, ಬರೀ ನೀರು. ಒಂದು ಚಿಟಿಕೆ ಉಪ್ಪಿಲ್ಲ. ನಾನೂ ಪೆದ್ದನ ಹಾಗೆ ಪ್ರತಿ ಟೇಬಲ್‌ನಲ್ಲೂ ಎರಡೆರಡು ಲೋಟ ಕುಡಿದೆ. 17ನೇ ಕಿಲೋಮೀಟರ್ ಹೊತ್ತಿಗೆ ಹೊಟ್ಟೆ ಗುಳುಗುಳು, ತಲೆ ಧಿಮ್ ಅಂತಿದೆ, ಬೆರಳು ಊದಿ ಉಂಗುರ ಬಿಗಿಯಾಗಿದೆ. ಸ್ವಯಂಸೇವಕ ಹುಡುಗ ಓಡಿ ಬಂದು ಏನಂದ ಗೊತ್ತಾ? "ಅಂಕಲ್, ಇನ್ನೂ ನೀರು ಕುಡೀರಿ."

ನೀರು ಜಾಸ್ತಿಯಾಗಿ ರಕ್ತದಲ್ಲಿ ಸೋಡಿಯಂ ತೆಳುವಾಗುವುದಕ್ಕೆ ಡಾಕ್ಟರುಗಳು ಹೈಪೋನೇಟ್ರೀಮಿಯಾ ಅನ್ನುತ್ತಾರೆ. ನಾನು ಸುಮ್ನೆ ಹೆದರಿಸುತ್ತಿಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದರು. ಶೇ 13 ಜನಕ್ಕೆ ಸೋಡಿಯಂ ಕಮ್ಮಿ ಇತ್ತು. ಓಡುತ್ತಾ ತೂಕ ಏರಿಸಿಕೊಂಡವರು, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರು, ಅವರಲ್ಲೇ ಹೆಚ್ಚು. ಅಂಥವರು ಉಪ್ಪು ನೆಕ್ಕಿಕೊಂಡು ಲೀಟರ್‌ಗಟ್ಟಲೆ ಕುಡಿದರೂ ಬಚಾವಾಗಲ್ಲ, ಅದನ್ನು ಒಪ್ಪುತ್ತೇನೆ. ಬಾಯಾರಿದಷ್ಟು ಕುಡಿಯಿರಿ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ ಗಾದೆ ಇದೆ. ನಮ್ಮ ಬಿಸಿಲಲ್ಲಿ ಓಡುವವನಿಗೆ ಅದನ್ನು ತಿರುಗಿಸಿ ಹೇಳಬೇಕು. ನೀರು ಕುಡಿದವ ಉಪ್ಪು ತಿನ್ನಲೇಬೇಕು.

ಅದರ ಜೊತೆ ಸ್ವಲ್ಪ ಸಕ್ಕರೆ. ಯಾಕೆ ಸಕ್ಕರೆ? ನಮ್ಮ ಟಂಟಂ ಗಾಡಿ ಗೊತ್ತಲ್ಲ. ಸೀಟು ತುಂಬದೆ ಹೊರಡಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಅಂಥದ್ದೇ ಗಾಡಿಗಳಿವೆ. ಸೋಡಿಯಂ ಹತ್ತಬೇಕು, ಗ್ಲೂಕೋಸ್ ಹತ್ತಬೇಕು, ಆಗ ಹೊರಡುತ್ತದೆ. ಹಿಂದಿನಿಂದ ನೀರು ನೇತಾಡಿಕೊಂಡು ಬರುತ್ತದೆ. ಓಆರ್‌ಎಸ್, ಅಂದರೆ ವಾಂತಿ ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆ ನೀರು, ಕೆಲಸ ಮಾಡುವುದು ಹೀಗೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ, ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹೊಡೆದಾಗ ಡಾಕ್ಟರ್ ದಿಲೀಪ್ ಮಹಲನಾಬಿಸ್ ಮಾಡಿದ್ದು ಇದನ್ನೇ. ನರಕ್ಕೆ ಏರಿಸುವ ಸಲೈನ್ ಬಾಟಲಿ ಸಾಲಲಿಲ್ಲ. ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಡ್ರಮ್ಮಿನಲ್ಲಿ ಕಲಸಿ ಜನರಿಗೆ ಕುಡಿಸಿದರು. ಸಾವು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ಇಳಿಯಿತು. ಕಾಲರಾದಿಂದ ಎಬ್ಬಿಸಿದ ನೀರು ಸಿಂಹ ಸರ್‌ಗೆ ಅಜ್ಜಿ ಕಾಲದ್ದು!

ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ಮಟ್ಟ ಇರಬೇಕು, ಗುಡ್ಡ ಮಾಡಬೇಡಿ. ಅಂಗಡಿಯಿಂದ ತರುವುದಾದರೆ ಮೆಡಿಕಲ್ ಶಾಪ್‌ನ ಪೊಟ್ಟಣ ತನ್ನಿ, ಡಬ್ಲ್ಯುಎಚ್‌ಒ, ಅಂದರೆ ವಿಶ್ವ ಆರೋಗ್ಯ ಸಂಸ್ಥೆ, ಅದರ ಸೂತ್ರ ಅಂತ ಬರೆದಿರುವುದು. ಬಣ್ಣದ ಟೆಟ್ರಾ ಪ್ಯಾಕ್ ಅಲ್ಲ. ಆ ಪ್ಯಾಕುಗಳ ಮೇಲೆ ದೊಡ್ಡದಾಗಿ ಓಆರ್‌ಎಸ್ ಅಂತ ಬರೆದು ಒಳಗೆ ಸಕ್ಕರೆ ಪಾನಕ ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಜಗಳವಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕಬೇಡಿ ಅಂತ ಆದೇಶ ಮಾಡಿತು. ಒಬ್ಬ ಹೆಣ್ಣುಮಗಳು ಇಷ್ಟು ಮಾಡಿದರು. ನಾವು ಡಬ್ಬಿ ತಿರುಗಿಸಿ ಓದುವುದೂ ಇಲ್ಲ.

ಮುಂದಿನ ಕಮೆಂಟು. "ಎಳನೀರು ಸಾಕಲ್ವಾ?" ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಒಳ್ಳೆಯದೇ, ಕುಡಿಯಿರಿ, ಆದರೆ ಚಿಟಿಕೆ ಉಪ್ಪು ಹಾಕಿ. ನಾನು ಜೇಬಿನಲ್ಲಿ ಹಳೇ ಮಾತ್ರೆ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಂಡಿರುತ್ತೇನೆ. ಸ್ಟೇಡಿಯಂ ಹೊರಗೆ ಎಳನೀರಿನೊಳಗೆ ಉಪ್ಪು ಉದುರಿಸಿದೆ. ಮಾರುವವನು ಮಚ್ಚು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿ, "ಸರ, ಇದು ಮಾವಿನಕಾಯಿ ಅಲ್ರೀ" ಅಂದ. ನಗಲಿ. ಅವನು ಓಡಬೇಕಾಗಿಲ್ಲ.

"ಬಿಪಿ ಬರುತ್ತೆ ಸರ್, ದಿನಕ್ಕೆ ಐದು ಗ್ರಾಂಗಿಂತ ಜಾಸ್ತಿ ಉಪ್ಪು ತಿನ್ನಬಾರದಂತೆ." ಹೌದು, ಡಬ್ಲ್ಯುಎಚ್‌ಒ ಹೇಳಿದೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ನಿಮ್ಮ ಡಾಕ್ಟರ್ ಮಾತು ಕೇಳಿ, ನನ್ನ ಮಾತು ಬೇಡ. ಅರ್ಧ ತಾಸು ವಾಕಿಂಗ್ ಮಾಡಿ, ಬಂದ ಕೂಡಲೇ ಒಂದು ಪ್ಲೇಟ್ ಒಗ್ಗರಣೆ, ನಾಲ್ಕು ಮಿರ್ಚಿ ಹೊಡೆಯುವವರಿಗೂ ನಾನು ಹೇಳುತ್ತಿಲ್ಲ. ನಿಮ್ಮ ಉಪ್ಪು ಆ ಮಿರ್ಚಿಯಲ್ಲೇ ಬಂತು. ನಾನು ಮಾತಾಡುತ್ತಿರುವುದು ತಾಸುಗಟ್ಟಲೆ ಬೆವರು ಸುರಿಸುವವರ ಬಗ್ಗೆ.

ಒಂದು ವಿಷಯದಲ್ಲಿ ಮಾತ್ರ ನಾನು ತಗ್ಗುತ್ತೇನೆ. ಕಬ್ಬಿಣಾಂಶ. ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಪೊಲೀಸ್ ಫಿಸಿಕಲ್‌ಗೆ ತಯಾರಿ ಮಾಡುತ್ತಿದ್ದಾಳೆ. ಎರಡು ಸುತ್ತಿಗೇ ಉಸಿರು ಕಟ್ಟಿ ಕೂತುಬಿಡುತ್ತಿದ್ದಳು. ನಾನು ಉಪ್ಪು ಉಪ್ಪು ಅಂದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.9. ಹೆಣ್ಣುಮಕ್ಕಳಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಆಮ್ಲಜನಕ ಹೊರುವ ಕೂಲಿಗಳೇ ಕಮ್ಮಿ ಇದ್ದರೆ ಕಾಲು ಏನು ಮಾಡುತ್ತೆ? ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟಿದ್ದರು, ಅದನ್ನು ಚಹಾ ಜೊತೆ ನುಂಗುತ್ತಿದ್ದಳು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆ ಪಾನಕದ ಜೊತೆ ತಗೋ ಅಂದರು ಡಾಕ್ಟರು. ಮೂರು ತಿಂಗಳಲ್ಲಿ ಹುಡುಗಿ ನನ್ನನ್ನೇ ಹಿಂದೆ ಹಾಕಿದಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019–21ರದ್ದು, ಹೇಳುತ್ತದೆ: ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57 ಜನಕ್ಕೆ ರಕ್ತಹೀನತೆ. ಸಂಡೂರು ಗುಡ್ಡದಿಂದ ರೈಲುಗಟ್ಟಲೆ ಕಬ್ಬಿಣದ ಅದಿರು ಹೋಗುತ್ತದೆ. ನಮ್ಮ ಹುಡುಗಿಯ ರಕ್ತದಲ್ಲಿ ಕಬ್ಬಿಣ ಇಲ್ಲ.

ಆದರೆ ಸಿಂಹಣ್ಣಾ, ಇದು ನಿನ್ನ ಪರ ಅಲ್ಲ. ಅವಳು ರಕ್ತ ಪರೀಕ್ಷೆ ಮಾಡಿಸಿ, ಕಮ್ಮಿ ಇದ್ದದ್ದನ್ನು ತಿಂದಳು. ನೀನು ಜಿಮ್ ಅಣ್ಣ ಹೇಳಿದ್ದನ್ನು ತಿಂದೆ. ಅದರಲ್ಲೂ ವಿಟಮಿನ್ ಸಿ 1,000 ಮಿಲಿಗ್ರಾಂ! ದಿನಕ್ಕೆ ಬೇಕಾದ್ದು 80. ಒಂದು ದೊಡ್ಡ ಪೇರಲ ಹಣ್ಣಿನಲ್ಲಿ ಅದಕ್ಕಿಂತ ಜಾಸ್ತಿ ಇದೆ. 2009ರಲ್ಲಿ ಜರ್ಮನಿಯವರು ಒಂದು ಪ್ರಯೋಗ ಮಾಡಿದರು. ವ್ಯಾಯಾಮ ಮಾಡುವವರಿಗೆ ದಿನಾ 1,000 ಮಿಲಿಗ್ರಾಂ ಸಿ, ಜೊತೆಗೆ ವಿಟಮಿನ್ ಇ ಕೊಟ್ಟರು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂಥ ವ್ಯಾಯಾಮದ ಲಾಭ ಮಾತ್ರೆ ತಗೊಳ್ಳದವರಿಗೆ ಸಿಕ್ಕಿತು, ತಗೊಂಡವರಿಗೆ ಸಿಗಲಿಲ್ಲ. ದುಡ್ಡು ಕೊಟ್ಟು ಬೆವರಿನ ಫಲ ಕಳಕೊಂಡ ಹಾಗೆ.

ಇನ್ನು ಒಲಿಂಪಿಕ್ಸ್. ನೀರಜ್ ಚೋಪ್ರಾ ತರಬೇತಿ ಪಡೆದದ್ದು ಎಲ್ಲಿ? ನಮ್ಮ ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ನಮ್ಮ ಜಿಲ್ಲೆ ಬಿಸಿಲಿಗೆ ಚಿನ್ನ ಬಂದಿದೆ ತಮ್ಮಾ. ಅವರ ಬಾಟಲಿ ಮೂಸಿ ನೋಡೋಣ ಅಂದರೆ ಸೆಕ್ಯೂರಿಟಿ ಬಿಡಲ್ಲ. ಆದರೆ ಅವರಿಗೆ ಡಾಕ್ಟರ್ ಇದ್ದಾರೆ, ಪೌಷ್ಟಿಕ ತಜ್ಞರು ಇದ್ದಾರೆ. ನಿನಗಿರುವುದು ಡಬ್ಬಿ ಹಿಂದಿನ ಇಪ್ಪತ್ತೊಂದು ಹೆಸರು.

ಓಡುವಾಗ ಕಾಲಿನ ಸ್ನಾಯು ಹಿಡಿದುಕೊಳ್ಳುವುದು ಉಪ್ಪು ಕಮ್ಮಿಯಾಗಿ ಅಲ್ಲ, ದಣಿವಿನಿಂದ ಅಂತ ಇನ್ನೊಬ್ಬರು ಬರೆದಿದ್ದಾರೆ. ಓದಿಕೊಂಡಿದ್ದಾರೆ ಪಾಪ. ಉಪ್ಪಿನಕಾಯಿ ರಸ ಕುಡಿಸಿದರೆ ಒಂದೂವರೆ ನಿಮಿಷದೊಳಗೆ ಹಿಡಿತ ಬಿಡುತ್ತದೆ, ಅಷ್ಟರಲ್ಲಿ ಉಪ್ಪು ರಕ್ತ ಸೇರಿರುವುದೇ ಇಲ್ಲ, ಗಂಟಲಿನ ನರಕ್ಕೆ ಹುಳಿ ತಾಗಿ ಬಿಡುವುದು ಅಂತ ಅಮೆರಿಕದ ಸಂಶೋಧಕರು ಹೇಳಿದ್ದಾರೆ. ಇದು ನನ್ನ ವಾದಕ್ಕೆ ಉಲ್ಟಾ ಅಂತ ನನಗೂ ಗೊತ್ತು. ಆದರೂ ಉಪ್ಪಿನಕಾಯಿ ತಾನೇ? ಹೆಸರಲ್ಲೇ ಉಪ್ಪು ಇದೆ! ಮುಂದೆ ಹೋಗೋಣ.

ಸ್ಕ್ರಿಪ್ಟ್‌ನಲ್ಲಿ ಇನ್ನೂ ಜಿಂಕ್ ಇದೆ, ಮೆಗ್ನೀಸಿಯಂ ಇದೆ, ವಿಟಮಿನ್ ಡಿ ಇದೆ. ಡಿ ಬಗ್ಗೆ ಬಳ್ಳಾರಿಯಲ್ಲಿ ಕೂತು ಏನು ಹೇಳಲಿ, ಕಿಟಕಿ ತೆಗೆಯಿರಿ. ಜಿಂಕ್ ಬಿಟ್ಟೆ. ಬೆವರಿನಲ್ಲಿ ಹೋಗುವುದು ಉಪ್ಪು! ಉಪ್ಪು! ಇನ್ನು ಎಷ್ಟು ಸಲ ಹೇಳಲಿ? ಗೋಡೆ ಮೇಲೆ ಬರೆಸಲಾ?

ಭಾನುವಾರ ಬೆಳಿಗ್ಗೆ ಐದೂಕಾಲಿಗೆ ಸ್ಟೇಡಿಯಂ ಗೇಟ್ ಹತ್ತಿರ ಬನ್ನಿ. ಫ್ರೀ. ಓಟ ಮುಗಿದ ಮೇಲೆ ಅವ್ವ ಮಾಡಿದ ಮಜ್ಜಿಗೆ, ಎರಡು ಕ್ಯಾನ್. ಸಬ್‌ಸ್ಕ್ರೈಬ್ ಮಾಡದವರಿಗೂ ಕೊಡುತ್ತೇನೆ, ಆದರೆ ಮುಖ ನೋಡಿ ಕೊಡುತ್ತೇನೆ.

ತಡೀರಿ, ಫೋನ್ ಟಿಂಗ್ ಅಂತು. ಸಿಂಹದ್ದೇ ಮೆಸೇಜು. "ಸರ್, ಕಪ್ಪು ಟೀ ಶರ್ಟ್ ಎಕ್ಸ್‌ಎಲ್ ಇದೆಯಾ?"

ಇದೆ.