ಹಗಲು ಸೋಫಾ, ರಾತ್ರಿ ಹಾಸಿಗೆ: ಸಣ್ಣ ಮನೆಯ ಫ್ಯೂಟಾನನ್ನು ಹದಕ್ಕೆ ತರುವುದು ಹೇಗೆ?

(ದೃಶ್ಯ: ಹತ್ತಡಿ ಅಗಲ, ಹನ್ನೊಂದಡಿ ಉದ್ದದ ಹಾಲ್. ಗೋಡೆಯ ಪಕ್ಕ ಕಪ್ಪು ಬಣ್ಣದ ಕಬ್ಬಿಣದ ಫ್ಯೂಟಾನ್. ಅದರ ಹಾಸಿಗೆ ಸೀಟಿನ ಅಂಚಿನಿಂದ ನಾಲ್ಕು ಬೆರಳಿನಷ್ಟು ಮುಂದಕ್ಕೆ ಜಾರಿದೆ.)

ನಮಸ್ಕಾರ. ಬೆಂಗಳೂರಿನ ಈ ಒಂದು ಬೆಡ್‌ರೂಮಿನ ಮನೆಗೆ ನಾವು ಬಾಡಿಗೆಗೆ ಬಂದಾಗ, ಮೊದಲಿದ್ದವರು ಊರು ಬಿಡುವ ಅವಸರದಲ್ಲಿ ಕಡಿಮೆ ಬೆಲೆಗೆ ಕೊಟ್ಟುಹೋದ ಫ್ಯೂಟಾನ್ ಇದು. ಇದರ ಮೇಲೆ ಮೊದಲು ಮಲಗಿದವರು ನಮ್ಮ ಸೋದರಮಾವ. ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾ, "ಹಾಸಿಗೆಯೇನೋ ಚೆನ್ನಾಗಿದೆ. ನಡುವೆ ಒಂದು ಕೋಲು ಇಟ್ಟಿದ್ದೀಯಲ್ಲ, ಅದನ್ನೊಂದು ತೆಗೆದುಬಿಡು" ಎಂದರು. ಅವರು ಕೋಲು ಎಂದದ್ದು ಫ್ಯೂಟಾನಿನ ಸೀಟು ಮತ್ತು ಬೆನ್ನು ಸೇರುವ ಕಡೆ ಅಡ್ಡಲಾಗಿ ಹಾದುಹೋಗುವ ಪೈಪಿಗೆ. ಆ ಮಾತು ಕೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ನಾಲ್ಕು ಕುಶನ್ ಮತ್ತು ಒಂದು ದುಬಾರಿ ಕವರ್ ಕೊಂಡದ್ದು. ಫ್ಯೂಟಾನ್ ನೋಡಲು ಬದಲಾಯಿತು, ಕೋಲು ಇದ್ದಲ್ಲೇ ಇತ್ತು. ಹಾಗಾಗಿ ಇಂದು ನಾವು ಅಲಂಕಾರದಿಂದಲ್ಲ, ಅಡಿಯಿಂದ ಆರಂಭಿಸೋಣ.

ಜಪಾನಿನಲ್ಲಿ ಫುತೋನ್ ಎಂದರೆ ನೆಲಕ್ಕೆ ಹಾಸುವ, ಮಡಚಿಡಬಹುದಾದ ಹಾಸಿಗೆ. ರಾತ್ರಿ ತತಾಮಿ ಚಾಪೆಯ ಮೇಲೆ ಹಾಸಿ, ಬೆಳಿಗ್ಗೆ ಮಡಚಿ ಓಶಿಇರೆ ಎಂಬ ಗೋಡೆಯ ಕಪಾಟಿನಲ್ಲಿಟ್ಟು, ಬಿಸಿಲಿರುವ ದಿನ ಬಾಲ್ಕನಿಯ ಕಂಬಿಗೆ ಹಾಕಿ ಒಣಗಿಸುವುದು ಅಲ್ಲಿನ ಕ್ರಮ. ಸಮತಟ್ಟಾದ ನೆಲದ ಮೇಲಿರುವವರೆಗೆ ಅದಕ್ಕೆ ಯಾವ ತೊಂದರೆಯೂ ಇಲ್ಲ. ಆ ಕಲ್ಪನೆ ಅಮೆರಿಕಕ್ಕೆ ಹೋಗಿ, ಮಡಚುವ ಫ್ರೇಮಿನ ಮೇಲೆ ಏರಿ, ದಪ್ಪವಾಗಿ, ಸೋಫಾ ಆಗಿ ನಮ್ಮಲ್ಲಿಗೆ ಬಂದಿದೆ. ನಾವು ದೂರುವ ಕಷ್ಟಗಳಲ್ಲಿ ಹೆಚ್ಚಿನವು ಹಾಸಿಗೆಯವಲ್ಲ, ಈ ಫ್ರೇಮಿನವು.

(ದೃಶ್ಯ: ಹಾಸಿಗೆ ತೆಗೆದ ಬರಿಯ ಫ್ರೇಮ್. ತಂತಿಜಾಲರಿ ಮತ್ತು ಅಡ್ಡ ಪೈಪು ಹತ್ತಿರದಿಂದ.)

ಇಲ್ಲಿ ಗಮನಿಸಿ. ನಾವು ಮಲಗಿದಾಗ ಜಾಲರಿ ಭಾರಕ್ಕೆ ತಗ್ಗುತ್ತದೆ, ಪೈಪು ತಗ್ಗುವುದಿಲ್ಲ. ಸುತ್ತಲಿನ ಭಾಗ ಒಂದು ಇಂಚು ಕೆಳಗಿಳಿದರೆ ಪೈಪು ಒಂದು ಇಂಚು ಮೇಲೆದ್ದಂತೆಯೇ ಆಯಿತು. ಮೇಲೆ ಎಷ್ಟು ಮೆತ್ತೆ ಹಾಕಿದರೂ ಅದು ಪಕ್ಕೆಗೆ ತಗಲುವುದು ಈ ಕಾರಣದಿಂದ. ಪರಿಹಾರ ಸರಳವಾಗಿದೆ. 9 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ಸೀಟಿಗೊಂದು, ಬೆನ್ನಿಗೊಂದು ಎಂದು ಎರಡು ತುಂಡಾಗಿ ಕೊಯ್ಯಿಸಿ, ಮಡಚುವ ಜಾಗದಲ್ಲಿ ಪೈಪಿಗೆ ಎಡೆ ಬಿಟ್ಟು, ಜಾಲರಿಯ ಮೇಲಿಟ್ಟು ಪ್ಲಾಸ್ಟಿಕ್ ಟೈಗಳಿಂದ ಬಿಗಿಯಿರಿ. ಅಂಚುಗಳನ್ನು ಉಪ್ಪುಕಾಗದದಿಂದ ತಪ್ಪದೆ ಉಜ್ಜಿಸಿ, ಇಲ್ಲವಾದರೆ ಹಾಸಿಗೆಯ ಬಟ್ಟೆ ಹರಿಯುತ್ತದೆ. ಬಡಗಿಯ ಬಳಿ ಇನ್ನೊಂದು ಕೆಲಸವನ್ನೂ ಮಾಡಿಸಿಕೊಳ್ಳಿ: ಹಲಗೆಯ ಉದ್ದಕ್ಕೂ ಗೇಣಿಗೊಂದರಂತೆ ಒಂದು ಇಂಚಿನ ತೂತು. ನಾನು ಮೊದಲು ತೂತು ಕೊರೆಸಿರಲಿಲ್ಲ. ಆ ವರ್ಷದ ಆಷಾಢದಲ್ಲಿ ಒಮ್ಮೆ ಹಾಸಿಗೆ ಎತ್ತಿ ನೋಡಿದರೆ ಕೆಳಮೈಯಲ್ಲಿ ಸಾಸಿವೆ ಚೆಲ್ಲಿದಂತೆ ಬೂಷ್ಟಿನ ಕಪ್ಪು ಚುಕ್ಕೆಗಳಿದ್ದವು. ನಮ್ಮ ಮೈಯ ಬೆವರು ಕೆಳಗಿಳಿದು ಹೊರಹೋಗಲು ದಾರಿ ಇಲ್ಲದಿದ್ದರೆ ಆಗುವುದೇ ಹೀಗೆ. ಮರದ ಪಟ್ಟಿಗಳಿರುವ ಫ್ರೇಮಿನಲ್ಲಿ ಪಟ್ಟಿಗಳ ನಡುವಿನ ಸಂದು ಮೂರು ಇಂಚಿಗಿಂತ ಹೆಚ್ಚಿಲ್ಲದಿದ್ದರೆ ಹಲಗೆಯ ಅಗತ್ಯವೇ ಬರುವುದಿಲ್ಲ.

ಈಗ ಹಾಸಿಗೆ. ಬರಿಯ ಹತ್ತಿ ತುಂಬಿದ್ದರೆ ಅದು ಕಾಲಕ್ರಮೇಣ ಅಮರಿ ಗಂಟುಕಟ್ಟುವುದು ಸಹಜ, ಅದರಲ್ಲೂ ದಿನವಿಡೀ ಕೂರುವ ಸೀಟಿನ ಭಾಗದಲ್ಲಿ. ಹಿಂದೆ ಉತ್ತರ ಕರ್ನಾಟಕದ ಊರುಗಳಲ್ಲಿ ಪಿಂಜಾರರು ಬಿಲ್ಲು ಹಿಡಿದು ಮನೆಬಾಗಿಲಿಗೇ ಬಂದು, ತಂತಿ ಮೀಟಿ ಹತ್ತಿ ಹಿಂಜಿ, ಹಾಸಿಗೆಯನ್ನು ಮತ್ತೆ ತುಂಬಿ ಹೊಲಿದುಕೊಡುತ್ತಿದ್ದರು. ಈಗ ಆ ಕೆಲಸ ಹಾಸಿಗೆ ಅಂಗಡಿಗಳಲ್ಲಿ ಯಂತ್ರದಿಂದ ನಡೆಯುತ್ತದೆ. ಹತ್ತಿ ಶುದ್ಧವಾಗಿದ್ದರೆ ಹೊಸ ಹಾಸಿಗೆ ಕೊಳ್ಳುವ ಮೊದಲು ಒಮ್ಮೆ ಹಿಂಜಿಸಿ ನೋಡಿ, ನನ್ನ ಮಟ್ಟಿಗೆ ಅದೇ ಜಾಣತನ. ಹಿಂಜಿಸುವಾಗ ನಡುವೆ ಎರಡು ಇಂಚಿನ ಗಟ್ಟಿ ಫೋಮ್ ಹಾಳೆ ಇಟ್ಟು, ಅದರ ಎರಡೂ ಬದಿಗೆ ಹತ್ತಿ ಹರಡಿಸಿ, ಆರುಪಾರು ಹೊಲಿಗೆ ಹಾಕಿಸಿದರೆ ಹತ್ತಿ ಜರುಗುವುದಿಲ್ಲ. ಒಟ್ಟು ದಪ್ಪ ಆರು ಇಂಚಿದ್ದರೆ ಸಾಕು, ಅದಕ್ಕಿಂತ ದಪ್ಪವಾದಷ್ಟೂ ಮಡಚುವುದು ಕಷ್ಟ. ಬೂರುಗದ ಹತ್ತಿಯನ್ನು ದಿಂಬಿಗೆ ಬಳಸಿ, ಇದಕ್ಕೆ ಬೇಡ. ಅದು ಜಾರುವ ಗುಣದ್ದು, ಮಡಿಕೆಯ ಜಾಗದಿಂದ ಬೇಗ ಸರಿದುಬಿಡುತ್ತದೆ. ತಿಂಗಳಿಗೊಮ್ಮೆ ಸೀಟಿನ ಭಾಗವನ್ನು ಬೆನ್ನಿಗೂ ಬೆನ್ನಿನ ಭಾಗವನ್ನು ಸೀಟಿಗೂ ತಿರುಗಿಸಿ ಹಾಕಿ.

ದಿನಾ ಇದರ ಮೇಲೆಯೇ ಮಲಗುವವರು ಟಾಪರ್, ಅಂದರೆ ಹಾಸಿಗೆಯ ಮೇಲೆ ಹಾಸುವ ಎರಡು ಇಂಚಿನ ಮೆತ್ತೆ, ಒಂದನ್ನು ಕೊಳ್ಳಬಹುದು. ಮೆಮೊರಿ ಫೋಮ್ ಮೈಯ ಬಿಸಿಗೆ ಮೆತ್ತಗಾಗಿ ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಲಬುರಗಿಯ ಬೇಸಿಗೆಗೆ ಅದು ಶಿಕ್ಷೆಯೇ ಸರಿ. ಲೇಟೆಕ್ಸ್ ಎಂಬ ರಬ್ಬರ್ ಫೋಮ್ ತೂಕವಾದರೂ ಗಾಳಿಯಾಡುತ್ತದೆ. ಆದರೆ ಹಗಲು ಟಾಪರನ್ನು ಎಲ್ಲಿಡುತ್ತೀರಿ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಯೋಚಿಸಿ. ನಾಲ್ಕೂವರೆ ಅಡಿ ಅಗಲದ ಟಾಪರನ್ನು ಸುರುಳಿ ಸುತ್ತಿದರೆ ಒಂದಡಿಗೂ ದಪ್ಪವಾದ ಉರುಳೆಯಾಗುತ್ತದೆ. ಮೂರು ಮಡಿಕೆ ಹಾಕಿದರೆ ಆರೇ ಇಂಚು ಎತ್ತರ, ಫ್ಯೂಟಾನಿನ ಅಡಿಯಲ್ಲೇ ತೂರಿಸಿಡಬಹುದು.

(ದೃಶ್ಯ: ಹಾಸಿಗೆಯ ಕೆಳಗೆ ರಬ್ಬರಿನ ಜಾಲರಿ ಹಾಸುವ ಕೈಗಳು.)

ಹಾಸಿಗೆ ಮುಂದಕ್ಕೆ ಜಾರುವುದನ್ನು ತಡೆಯಲು ಕಾರ್ಪೆಟ್ ಅಡಿಗೆ ಹಾಕುವ ರಬ್ಬರ್ ಜಾಲರಿಯನ್ನು ಹಲಗೆಯ ಮೇಲೆ ಹಾಸಿದರೆ ಸಾಕು.

ಕೂರುವ ಸುಖದ ಮಾತು ಬೇರೆ. ಮಲಗಲು ಅಗಲ ಬೇಕಾದ್ದರಿಂದ ಫ್ಯೂಟಾನಿನ ಸೀಟು ಸಾಮಾನ್ಯ ಸೋಫಾಕ್ಕಿಂತ ಆಳವಾಗಿರುತ್ತದೆ. ಬೆನ್ನು ಒರಗಿಸಿದರೆ ಕಾಲು ನೆಲ ಮುಟ್ಟುವುದಿಲ್ಲ, ಕಾಲು ಊರಿದರೆ ಬೆನ್ನಿಗೆ ಆಸರೆಯಿಲ್ಲ. ಇದಕ್ಕೆ ಗಾದಿಯ ಮೇಲೆ ಕೂರುವ ನಮ್ಮವರು ಮೊದಲೇ ಕಂಡುಕೊಂಡ ಉತ್ತರವಿದೆ, ಅದೇ ಲೋಡು. ಐದಾರು ಇಂಚು ದಪ್ಪದ ಎರಡು ಲೋಡುಗಳನ್ನು ಸೊಂಟದ ಹಿಂದೆ ಇಟ್ಟುಕೊಂಡರೆ ಆಳ ತಾನಾಗಿ ಕಡಿಮೆಯಾಗುತ್ತದೆ. ನಮ್ಮ ಮನೆಯ ಲೋಡುಗಳ ಗವಸಿಗೆ ಜಿಪ್ಪು ಇದೆ, ಒಳಗಿರುವುದು ರಾತ್ರಿಯ ಹೊದಿಕೆ ಮತ್ತು ಬೆಡ್‌ಶೀಟು. ಕಪಾಟಿನಲ್ಲಿ ಒಂದು ಖಾನೆ ಉಳಿಯಿತು.

ಇನ್ನು ಅಂದದ ವಿಷಯ. ಸಣ್ಣ ಹಾಲಿನಲ್ಲಿ ಫ್ಯೂಟಾನ್ ಒಂದೇ ದೊಡ್ಡ ವಸ್ತುವಾದ್ದರಿಂದ ಅದರ ಬಣ್ಣವೇ ಕೋಣೆಯ ಬಣ್ಣವಾಗುತ್ತದೆ. ಹಾಸಿಗೆಗೆ ಮೂರು ಬದಿ ಜಿಪ್ಪಿರುವ, ತೊಳೆಯಬಹುದಾದ ದಪ್ಪ ಹತ್ತಿಬಟ್ಟೆಯ ಸಾದಾ ಕವರ್ ಹಾಕಿ, ಚಿತ್ತಾರವನ್ನೆಲ್ಲ ಒಂದೇ ಒಂದು ವಸ್ತುವಿಗೆ ಬಿಡಿ. ನಮ್ಮಲ್ಲಿ ಅದು ಕೌದಿ. ಅಜ್ಜಿಯ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಇದನ್ನು ಬೆನ್ನಿನ ಮೇಲಿಂದ ಸೀಟಿನವರೆಗೆ ಇಳಿಬಿಟ್ಟರೆ ಮಡಿಕೆಯ ಸಂದು ಮುಚ್ಚಿಹೋಗುತ್ತದೆ. ಹತ್ತಿರದಿಂದ ನೋಡಿದರೆ ಸೆರಗಿನ ಕೆಂಪಿನ ಮೇಲೆ ಸಾಲುಸಾಲಾಗಿ ಓಡಿದ ಬಿಳಿ ದಾರ ಕಾಣುತ್ತದೆ. ಚಳಿಯ ರಾತ್ರಿ ಇದೇ ಹೊದಿಕೆ. ಗುಳೇದಗುಡ್ಡದ ಖಣದ ಎರಡು ಕುಶನ್ ಇದ್ದರೆ ಅಲ್ಲಿಗೆ ನಿಲ್ಲಿಸಿ. ರಾತ್ರಿ ಹಾಸಿಗೆ ಬಿಡಿಸುವ ಮುನ್ನ ಕೆಳಗಿಳಿಸಬೇಕಾದ ಒಂದೊಂದು ವಸ್ತುವೂ ಮಾರನೆಯ ದಿನ ಫ್ಯೂಟಾನನ್ನು ಮಡಚದೇ ಬಿಡಲು ಒಂದು ನೆಪವಾಗುತ್ತದೆ.

ಕೊನೆಯದಾಗಿ ಜಾಗ. ನಾನು ಮಡಚಿದ ಫ್ಯೂಟಾನನ್ನಷ್ಟೇ ಅಳೆದು ಗೋಡೆ ಆರಿಸಿದ್ದೆ. ಬಿಡಿಸಿದ ರಾತ್ರಿ ಬೀರುವಿನ ಬಾಗಿಲು ಅರ್ಧಕ್ಕೇ ನಿಂತಿತು, ಬೆಳಿಗ್ಗೆ ಆಫೀಸಿನ ಅಂಗಿ ತೆಗೆಯಲು ಮಾವನನ್ನು ಎಬ್ಬಿಸಬೇಕಾಯಿತು. ಆದ್ದರಿಂದ ಬಿಡಿಸಿದ ಅಳತೆಗೆ ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಸಿ, ಸುತ್ತಲಿನ ಎಲ್ಲ ಬಾಗಿಲುಗಳನ್ನೂ ಒಮ್ಮೆ ತೆರೆದು ನೋಡಿ. ಕೆಲವು ಫ್ರೇಮುಗಳ ಬೆನ್ನು ಮಡಚುವಾಗ ಹಿಂದಕ್ಕೆ ಸರಿಯುವುದರಿಂದ, ಗೋಡೆಗೂ ಫ್ರೇಮಿಗೂ ನಡುವೆ ಎಷ್ಟು ಎಡೆ ಬೇಕೆಂಬುದನ್ನು ಆಗಲೇ ಗುರುತು ಮಾಡಿಕೊಳ್ಳಿ.