4ಕೆ ಡಿಸ್ಕ್‌ಗೆ ಹೋಗಬೇಕಾ? ಮೊದಲು ಸೋಫಾದಿಂದ ಟಿವಿಗೆ ಎಷ್ಟು ಅಡಿ ಅಂತ ಅಳೆಯಿರಿ

ಎಲ್ಲರಿಗೂ ನಮಸ್ಕಾರ.

ಮನೆಗೆ 4ಕೆ ಟಿವಿ ಬಂದ ಮೇಲೆ ಸಿನಿಮಾ ಹುಚ್ಚಿರುವವರೆಲ್ಲ ಕೇಳುವ ಪ್ರಶ್ನೆ ಒಂದೇ. ಕಪಾಟಿನ ತುಂಬ ಡಿವಿಡಿ ಇದೆ, ಒಂದಿಷ್ಟು ಬ್ಲೂ-ರೇ ಇದೆ, ಇನ್ನು 4ಕೆ ಡಿಸ್ಕ್‌ಗೆ ಹೋಗೋದಾ, ಬೇಡ್ವಾ? ಪ್ಲೇಯರ್ ಬೇರೆ ತಗೋಬೇಕು. ಡಿಸ್ಕ್‌ಗಳನ್ನು ಹೆಚ್ಚಾಗಿ ಹೊರದೇಶದಿಂದ ತರಿಸಬೇಕು, ಅದರ ಮೇಲೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ. ಸಣ್ಣ ಖರ್ಚಲ್ಲ. ಅದಕ್ಕೇ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಇಡೀ ಕಪಾಟು ಬದಲಿಸುವ ಯೋಚನೆ ಬಿಡಿ. ಒಂದೊಂದು ಸಿನಿಮಾವನ್ನು ಎದುರಿಗಿಟ್ಟುಕೊಂಡು, ಇದಕ್ಕೆ ಹೊಸ ಡಿಸ್ಕ್ ಬೇಕಾ ಅಂತ ಕೇಳಿಕೊಳ್ಳಿ. ಕೆಲವಕ್ಕೆ ಖಂಡಿತ ಬೇಕು. ಬಹಳಷ್ಟಕ್ಕೆ ಬ್ಲೂ-ರೇ ಸಾಕು. ಇನ್ನು ಕೆಲವಕ್ಕೆ ನಿಮ್ಮ ಹಳೇ ಡಿವಿಡಿಯೇ ಗತಿ, ಅದನ್ನು ಜೋಪಾನ ಮಾಡಬೇಕು.

ಮೊದಲು ಚೂರು ಲೆಕ್ಕ. ಡಿವಿಡಿ 1996ರಲ್ಲಿ ಜಪಾನಿನಲ್ಲಿ ಬಂತು. ಪಾಲ್ ಪದ್ಧತಿಯ (ನಮ್ಮ ದೇಶದ ಹಳೇ ಟಿವಿಗಳ ಪದ್ಧತಿ) ಡಿವಿಡಿಯಲ್ಲಿ ಚಿತ್ರದ ಅಳತೆ 720 ಬೈ 576, ಅಂದರೆ ಸುಮಾರು 4 ಲಕ್ಷ ಚುಕ್ಕಿ (ಪಿಕ್ಸೆಲ್). 2006ರಲ್ಲಿ ಬಂದ ಬ್ಲೂ-ರೇಯಲ್ಲಿ 1920 ಬೈ 1080, ಇಪ್ಪತ್ತು ಲಕ್ಷ ದಾಟುತ್ತದೆ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ, ಅದನ್ನೇ ನಾವು 4ಕೆ ಡಿಸ್ಕ್ ಅನ್ನೋದು, 3840 ಬೈ 2160. ಅದು 83 ಲಕ್ಷದ ಹತ್ತಿರ. ಡಿಸ್ಕ್‌ನ ಗಾತ್ರ ಅಷ್ಟೇ ಇದ್ದು ಇಷ್ಟೆಲ್ಲ ಹೇಗೆ ಹಿಡಿಸಿತು ಅಂದರೆ, ಡಿವಿಡಿ ಓದುವ ಕೆಂಪು ಲೇಸರ್‌ನ ಅಲೆ 650 ನ್ಯಾನೋಮೀಟರ್, ಬ್ಲೂ-ರೇಯ ನೀಲಿ-ನೇರಳೆ ಲೇಸರ್‌ನದು 405. ಅಲೆ ಸಣ್ಣದಾದಷ್ಟೂ ಡಿಸ್ಕ್ ಮೇಲಿನ ಗುಳಿಗಳನ್ನು ಸಣ್ಣ ಮಾಡಿ ಒತ್ತೊತ್ತಾಗಿ ಇಡಬಹುದು. ಎರಡು ಪದರದ ಡಿವಿಡಿಗೆ 8.5 ಜಿಬಿ ಹಿಡಿಸಿದರೆ ಎರಡು ಪದರದ ಬ್ಲೂ-ರೇಗೆ 50 ಜಿಬಿ, ಮೂರು ಪದರದ 4ಕೆ ಡಿಸ್ಕ್‌ಗೆ 100 ಜಿಬಿ.

ನಾಲ್ಕು ಪಟ್ಟು ಜಾಸ್ತಿ ಚುಕ್ಕಿ ಅಂತ ಅಂಗಡಿಯವನು ಹೇಳೋದು ನಿಜವೇ. ಆದರೆ ಆ ಚುಕ್ಕಿ ನಿಮ್ಮ ಕಣ್ಣಿಗೆ ಕಾಣಬೇಕಲ್ವಾ? ಒಳ್ಳೆಯ ಕಣ್ಣಿಗೂ ಒಂದು ಮಿತಿ ಇದೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣದನ್ನು ಅದು ಬಿಡಿಸಿ ನೋಡಲಾರದು. ಅದರ ಮೇಲೆ ಲೆಕ್ಕ ಹಾಕಿದರೆ, 55 ಇಂಚಿನ ಟಿವಿಯಲ್ಲಿ ಬ್ಲೂ-ರೇಯ ಪೂರ್ತಿ ವಿವರ ಕಾಣಬೇಕಾದರೆ ಸುಮಾರು 7 ಅಡಿ ದೂರದಲ್ಲಿ ಕೂರಬೇಕು. 4ಕೆಯ ಪೂರ್ತಿ ವಿವರಕ್ಕೆ ಮೂರೂವರೆ ಅಡಿ. ನಮ್ಮ ಹಾಲ್‌ಗಳಲ್ಲಿ ಸೋಫಾ ಒಂದು ಗೋಡೆಗೆ, ಟಿವಿ ಎದುರು ಗೋಡೆಗೆ. ನಡುವೆ ಹತ್ತು ಅಡಿ ಅಂತ ಇಟ್ಟುಕೊಳ್ಳಿ. ಅಷ್ಟು ದೂರದಿಂದ ಡಿವಿಡಿಗೂ ಬ್ಲೂ-ರೇಗೂ ಇರುವ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಬ್ಲೂ-ರೇಯಿಂದ 4ಕೆಗೆ ಹೋದಾಗ ಹೆಚ್ಚಾಗುವ ಚುಕ್ಕಿಗಳು ಮಾತ್ರ ಕಾಣೋದಿಲ್ಲ. ಪ್ರೊಜೆಕ್ಟರ್ ಇಟ್ಟುಕೊಂಡು 100 ಇಂಚಿನ ಪರದೆ ಹಾಕಿರುವವರ ಕಥೆ ಬೇರೆ, ಅವರಿಗೆ ಅದೇ ಹತ್ತು ಅಡಿಯಿಂದಲೂ ಲಾಭ ಇದೆ.

ಲೆಕ್ಕ ಬೇಡ ಅನ್ನುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಚೆನ್ನಾಗಿ ಮಾಡಿದ ಒಂದು ಬ್ಲೂ-ರೇ ಹಾಕಿ. ದೂರದ ಬೆಟ್ಟ, ಜನಜಂಗುಳಿ, ಮರದ ಎಲೆ, ಈ ಥರದ ಅಗಲವಾದ ದೃಶ್ಯದಲ್ಲಿ ನಿಲ್ಲಿಸಿ. ಸೋಫಾದಿಂದ ನೋಡಿ, ಆಮೇಲೆ ಎದ್ದು ಟಿವಿಯ ಕಡೆ ಒಂದೊಂದೇ ಹೆಜ್ಜೆ ಹೋಗಿ. ಹತ್ತಿರ ಹೋದ ಹಾಗೆ ಸೋಫಾದಿಂದ ಕಾಣದ ವಿವರ ಹೊಸದಾಗಿ ಕಾಣತೊಡಗಿತು ಅಂದರೆ, ಬ್ಲೂ-ರೇಯಲ್ಲಿ ಇರೋದನ್ನೇ ನೀವು ಸೋಫಾದಿಂದ ಪೂರ್ತಿ ನೋಡುತ್ತಿಲ್ಲ ಅಂತ ಅರ್ಥ. ಅದರ ಮೇಲೆ ಇನ್ನಷ್ಟು ಚುಕ್ಕಿ ಸುರಿದು ಏನು ಪ್ರಯೋಜನ?

ಹಾಗಾದರೆ 4ಕೆ ಡಿಸ್ಕ್ ಸುಮ್ನೆ ವ್ಯಾಪಾರವಾ? ಖಂಡಿತ ಅಲ್ಲ. ಅದರ ನಿಜವಾದ ಲಾಭ ಇರೋದು ಬೆಳಕಿನಲ್ಲಿ ಮತ್ತು ಬಣ್ಣದಲ್ಲಿ. ಇದನ್ನು ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಅನ್ನುತ್ತಾರೆ, ಮತ್ತು ಇದಕ್ಕೆ ದೂರದ ಹಂಗಿಲ್ಲ.

ಡಿವಿಡಿಗೂ ಬ್ಲೂ-ರೇಗೂ ಸಿನಿಮಾ ಸಿದ್ಧ ಮಾಡುವಾಗ ಅತಿ ಹೆಚ್ಚಿನ ಬೆಳಕು ಅಂದರೆ ಸುಮಾರು 100 ನಿಟ್ಸ್ (ಪರದೆಯ ಬೆಳಕನ್ನು ಅಳೆಯುವ ಮಾನ) ಅಂತ ಇಟ್ಟುಕೊಂಡು ಬಣ್ಣ ಹೊಂದಿಸುತ್ತಾರೆ. ಹಳೇ ಡಬ್ಬಾ ಟಿವಿಗಳ ಕಾಲದ ಅಳತೆ ಅದು. ಎಚ್‌ಡಿಆರ್‌ನಲ್ಲಿ ಅದು 1000 ನಿಟ್ಸ್, ಕೆಲವು ಸಿನಿಮಾಗಳಿಗೆ 4000ದವರೆಗೂ ಹೋಗುತ್ತದೆ. ಜೊತೆಗೆ ಬ್ಲೂ-ರೇಯಲ್ಲಿ ಒಂದೊಂದು ಮೂಲಬಣ್ಣಕ್ಕೆ ಕಡುವಿನಿಂದ ತಿಳಿಯವರೆಗೆ 256 ಮೆಟ್ಟಿಲು ಇದ್ದರೆ, 4ಕೆ ಡಿಸ್ಕ್‌ನಲ್ಲಿ 1024 ಮೆಟ್ಟಿಲು.

ಒಂದು ದೃಶ್ಯ ತಗೊಳ್ಳಿ. ಕತ್ತಲೆ ಕೋಣೆ, ಮೂಲೆಯಲ್ಲಿ ಒಂದು ಎಣ್ಣೆ ದೀಪ, ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಹೆಂಗಸು. ಡಿವಿಡಿಯಲ್ಲಿ ದೀಪದ ಕುಡಿ ಒಂದು ಬಿಳೀ ಕಲೆ ಅಷ್ಟೇ, ಒಳಗೆ ಏನೂ ಇಲ್ಲ. ಹಿಂದಿನ ಗೋಡೆ ಕಪ್ಪಲ್ಲ, ಒಂಥರಾ ಬೂದಿ ಬಣ್ಣ. ಬೆಳಕು ಗೋಡೆಯ ಮೇಲೆ ಮಾಸುತ್ತಾ ಹೋಗುವ ಕಡೆ ಸಣ್ಣ ಚೌಕಗಳು ಒದ್ದಾಡುತ್ತಿರುತ್ತವೆ. ಬ್ಲೂ-ರೇಯಲ್ಲಿ ಚೌಕಗಳು ಹೋಗುತ್ತವೆ, ಸೀರೆಯ ನೇಯ್ಗೆ ಕಾಣುತ್ತದೆ, ಆದರೆ ಕುಡಿ ಇನ್ನೂ ಬಿಳಿಯೇ. ಒಳ್ಳೆಯ ಎಚ್‌ಡಿಆರ್ ಡಿಸ್ಕ್‌ನಲ್ಲಿ ಅದೇ ಕುಡಿಯ ಬುಡದ ನೀಲಿ, ನಡುವಿನ ಹಳದಿ, ತುದಿಯ ಕೆಂಪು ಬೇರೆ ಬೇರೆಯಾಗಿ ನಿಲ್ಲುತ್ತವೆ. ಆಕೆ ಅಲುಗಾಡಿದಾಗ ಜರಿಯ ಅಂಚಿನಲ್ಲಿ ಒಂದು ಕಡೆ ಮಾತ್ರ ಮಿಂಚಿ ಹೋಗುತ್ತದೆ, ಸೀರೆಯ ಉಳಿದ ಭಾಗ ಕತ್ತಲಲ್ಲೇ ಇರುತ್ತದೆ. ಇದು ಹತ್ತು ಅಡಿಯಿಂದಲೂ ಕಾಣುತ್ತದೆ, ಹದಿನೈದು ಅಡಿಯಿಂದಲೂ ಕಾಣುತ್ತದೆ.

ಒಂದೇ ಒಂದು ಷರತ್ತು ಅಂದರೆ ಟಿವಿಗೆ ಆ ತಾಕತ್ತು ಇರಬೇಕು. ಡಬ್ಬದ ಮೇಲೆ ಎಚ್‌ಡಿಆರ್ ಅಂತ ಬರೆದಿರುವ ಎಷ್ಟೋ ಅಗ್ಗದ ಟಿವಿಗಳು 300 ನಿಟ್ಸ್ ಆಸುಪಾಸಿನಲ್ಲೇ ಸುಸ್ತಾಗುತ್ತವೆ. ಅವು ಎಚ್‌ಡಿಆರ್ ಸಂಕೇತವನ್ನು ಓದುತ್ತವೆ, ತೋರಿಸಲು ಆಗುವುದಿಲ್ಲ. ಎಷ್ಟೋ ಸಲ ಚಿತ್ರ ಬ್ಲೂ-ರೇಗಿಂತ ಮಂಕಾಗಿ ಕಾಣುತ್ತದೆ. ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಟಿವಿ ಇದ್ದರೆ, ಅಥವಾ ಹಿಂಬದಿಯ ಬೆಳಕನ್ನು ಜಾಗ ಜಾಗಕ್ಕೆ ಆರಿಸಿ ಹೊತ್ತಿಸುವ ಒಳ್ಳೆಯ ಎಲ್‌ಇಡಿ ಟಿವಿ ಇದ್ದರೆ, 4ಕೆ ಡಿಸ್ಕ್‌ಗೆ ಧಾರಾಳವಾಗಿ ಹೋಗಿ. ಇಲ್ಲದಿದ್ದರೆ ಆ ದುಡ್ಡನ್ನು ಟಿವಿಗೆ ಕೂಡಿಡಿ, ಅಲ್ಲಿಯವರೆಗೆ ಬ್ಲೂ-ರೇ ನೋಡಿ.

ಓಟಿಟಿಯಲ್ಲೇ 4ಕೆ ಬರುತ್ತಲ್ಲ, ಡಿಸ್ಕ್ ಯಾಕೆ ಅನ್ನುವವರಿದ್ದಾರೆ. ನೆಟ್‌ಫ್ಲಿಕ್ಸ್ ತನ್ನ 4ಕೆಗೆ 15 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 15 ಮೆಗಾಬಿಟ್, ಇಂಟರ್ನೆಟ್ ಸಾಕು ಅನ್ನುತ್ತದೆ. 100 ಜಿಬಿ ಡಿಸ್ಕ್ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಕೊಡಬಲ್ಲದು. ಹಗಲು ದೃಶ್ಯ, ಇಬ್ಬರು ಕೂತು ಮಾತಾಡುವ ದೃಶ್ಯ ಆದರೆ ವ್ಯತ್ಯಾಸ ಅಷ್ಟು ಗೊತ್ತಾಗದು. ಹೊಗೆ, ಮಂಜು, ಮಳೆ, ನೀರು, ಕತ್ತಲು ಬಂದಾಗ ನೋಡಿ. ಓಟಿಟಿಯಲ್ಲಿ ಮಂಜು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಇನ್ನು ಧ್ವನಿಯ ವಿಷಯ. ಬ್ಲೂ-ರೇಯಿಂದ ಈಚೆಗೆ ಡಿಸ್ಕ್‌ನಲ್ಲಿ ಮೂಲ ಧ್ವನಿಯಿಂದ ಏನೂ ಕಳೆದುಕೊಳ್ಳದ ಧ್ವನಿ ಸಿಗುತ್ತದೆ. ಟಿವಿಯ ಸ್ಪೀಕರ್‌ನಲ್ಲೇ ಕೇಳುವವರಿಗೆ ಇದರಿಂದ ಏನೂ ಸಿಗದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಸಿನಿಮಾ ಹುಟ್ಟಿದ್ದೇ ಹೇಗೆ ಅನ್ನೋದು. ಡಿಸ್ಕ್ ಎಷ್ಟೇ ದೊಡ್ಡದಿರಲಿ, ಮೂಲದಲ್ಲಿ ಇಲ್ಲದ್ದು ಅದರಲ್ಲಿ ಬರುವುದಿಲ್ಲ. 35 ಎಂಎಂ ಫಿಲ್ಮಿನಲ್ಲಿ ತೆಗೆದ ಹಳೇ ಸಿನಿಮಾದ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ 4ಕೆ ಸ್ಕ್ಯಾನ್‌ಗೆ ಅದರಲ್ಲಿ ಬೇಕಾದಷ್ಟು ಸರಕಿದೆ. 1962ರ 'ಲಾರೆನ್ಸ್ ಆಫ್ ಅರೇಬಿಯಾ' ತೆಗೆದದ್ದು 65 ಎಂಎಂನಲ್ಲಿ, ಅದರ ನೆಗೆಟಿವ್ ಅನ್ನು 8ಕೆಯಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಅಂಥ ಸಿನಿಮಾಕ್ಕೆ 4ಕೆ ಡಿಸ್ಕ್ ತಗೊಂಡರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅದೇ 2002ರ '28 ಡೇಸ್ ಲೇಟರ್' ನೋಡಿ, ಅದರ ಬಹುಪಾಲನ್ನು ಚಿತ್ರೀಕರಿಸಿದ್ದು ಡಿವಿಡಿ ಮಟ್ಟದ ವಿವರ ಕೊಡುವ ಕ್ಯಾನನ್‌ನ ಸಣ್ಣ ಡಿಜಿಟಲ್ ವಿಡಿಯೋ ಕ್ಯಾಮೆರಾದಲ್ಲಿ. ಆ ಒರಟುತನವೇ ಅದರ ಅಂದ, ಅದಕ್ಕೆ 4ಕೆ ಏನು ಸೇರಿಸೀತು? ಎರಡರ ನಡುವೆ ಇನ್ನೊಂದು ದೊಡ್ಡ ಗುಂಪಿದೆ. 2000ದಿಂದ ಈಚೆಗೆ ಬಂದ ಎಷ್ಟೋ ದೊಡ್ಡ ಸಿನಿಮಾಗಳ ಕೊನೆಯ ಪ್ರತಿ ಸಿದ್ಧವಾಗಿದ್ದು 2ಕೆಯಲ್ಲಿ, ಬ್ಲೂ-ರೇಗಿಂತ ಕೂದಲೆಳೆ ಜಾಸ್ತಿ ಅಷ್ಟೇ. ಅವನ್ನು ಹಿಗ್ಗಿಸಿ 4ಕೆ ಡಿಸ್ಕ್ ಮಾಡಿ ಮಾರುತ್ತಾರೆ. ಅಲ್ಲಿ ನೀವು ದುಡ್ಡು ಕೊಡೋದು ಎಚ್‌ಡಿಆರ್‌ಗೆ, ಚುಕ್ಕಿಗಲ್ಲ.

ಹೊಸ ಡಿಸ್ಕ್ ಅಂದ ಮಾತ್ರಕ್ಕೆ ಒಳ್ಳೆಯದೇ ಅಂತಲೂ ಇಲ್ಲ. 2024ರಲ್ಲಿ ಜೇಮ್ಸ್ ಕ್ಯಾಮರೂನ್ ಅವರ 'ಟ್ರೂ ಲೈಸ್' 4ಕೆಯಲ್ಲಿ ಬಂದಾಗ ಬಹಳ ಜನ ಸಿಟ್ಟಾದರು. ಫಿಲ್ಮಿನ ಸಹಜ ಕಾಳುಗಳನ್ನು ಕಂಪ್ಯೂಟರ್‌ನಿಂದ ಒರೆಸಿ, ಅಂಚುಗಳನ್ನು ಮತ್ತೆ ಚೂಪು ಮಾಡಿದ್ದರಿಂದ ಮುಖಗಳು ಮೇಣ ಮೆತ್ತಿದ ಹಾಗೆ ಕಂಡವು. ಫಿಲ್ಮಿನ ಕಾಳು ಕೊಳೆ ಅಲ್ಲ, ಚಿತ್ರ ಮೂಡಿರುವುದೇ ಆ ಕಾಳುಗಳಿಂದ. ಅದನ್ನು ತೆಗೆದರೆ ಚರ್ಮದ ರಂಧ್ರ, ಬಟ್ಟೆಯ ಎಳೆ ಎಲ್ಲ ಜೊತೆಗೇ ಹೋಗುತ್ತವೆ. ಹಾಗಾಗಿ ಯಾವ ಡಿಸ್ಕ್ ಆದರೂ ಕೊಳ್ಳುವ ಮುಂಚೆ ಅದರ ವಿಮರ್ಶೆ ಓದಿ, ಹಳೇ ಬ್ಲೂ-ರೇಯ ಪಕ್ಕದಲ್ಲಿಟ್ಟು ತೋರಿಸಿದ ಚಿತ್ರಗಳಿದ್ದರೆ ನೋಡಿ. ಹಾಗೇ ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ, ಸಿನಿಮಾ ಮಾಡಿದವರು ಬಯಸಿದ ಹಾಗೇ ಚಿತ್ರ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಹಾಕಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ವಿಷಯ ಹೇಳಲೇಬೇಕು. 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರಲ್ಲಿ ಬೆಂಕಿ ಬಿದ್ದು ಅವುಗಳ ನೆಗೆಟಿವ್ ಸುಟ್ಟವು. ಉಳಿದ ತುಂಡುಗಳನ್ನು ಇಟಲಿಯ ಬೊಲೋನಾದ ಲ್ಯಾಬ್‌ನಲ್ಲಿ ಮೆದು ಮಾಡಿ, ಅಂಟು ತೆಗೆದು, ಅಂಚಿನ ತೂತುಗಳನ್ನು ಕೈಯಿಂದ ಸರಿ ಮಾಡಿ, 4ಕೆ ಸ್ಕ್ಯಾನ್ ಮಾಡಿದರು. 2015ರಲ್ಲಿ ಅದು ಬ್ಲೂ-ರೇಯಲ್ಲಿ ಬಂತು. ಚೆನ್ನಾಗಿ ಉದ್ಧಾರ ಮಾಡಿದ ಇಂಥ ಪ್ರತಿಯಿಂದ ಮಾಡಿದ ಬ್ಲೂ-ರೇ, ಹತ್ತು ಅಡಿ ದೂರದ ಸೋಫಾಕ್ಕೆ, ಕಪ್ಪು-ಬಿಳುಪು ಸಿನಿಮಾಕ್ಕೆ, ನನ್ನ ಮಟ್ಟಿಗೆ ಸಾಕು. ಡಿಸ್ಕ್‌ನ ಬಣ್ಣದ ಡಬ್ಬಕ್ಕಿಂತ ಒಳಗಿನ ಪ್ರತಿ ಯಾರು, ಯಾವುದರಿಂದ ಮಾಡಿದರು ಅನ್ನೋದು ಮುಖ್ಯ.

ಡಿಸ್ಕ್ ಕಾಲವೇ ಮುಗೀತಲ್ಲ ಅನ್ನುವ ಭಯಕ್ಕೆ ಬರೋಣ. 2008ರ ಫೆಬ್ರವರಿಯಲ್ಲಿ ತೊಷಿಬಾ ಬ್ಲೂ-ರೇಗೆ ಎದುರಾಳಿಯಾಗಿದ್ದ ಎಚ್‌ಡಿ-ಡಿವಿಡಿಯನ್ನು ಕೈಬಿಟ್ಟಾಗ ಅದನ್ನು ಕೊಂಡವರು ನಡುನೀರಿನಲ್ಲಿ ಉಳಿದರು. ಈಗ 4ಕೆಗೆ ಆ ಥರದ ಎದುರಾಳಿ ಇಲ್ಲ, ಆದರೆ ಪ್ಲೇಯರ್ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಓಪ್ಪೊ 2018ರಲ್ಲಿ ನಿಲ್ಲಿಸಿತು, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಮಾಡೆಲ್ ತರೋದು ಬಿಟ್ಟಿತು, ಎಲ್‌ಜಿ 2024ರ ಕೊನೆಗೆ. ನನಗೆ ಅನ್ನಿಸೋದು, ಡಿಸ್ಕ್ ನೋಡುವ ಆಸೆ ಇರುವವರು ಒಳ್ಳೆಯ ಪ್ಲೇಯರ್ ಒಂದನ್ನು ಸಿಗುವಾಗಲೇ ತಗೊಳ್ಳಬೇಕು. 4ಕೆ ಪ್ಲೇಯರ್‌ನಲ್ಲಿ ಬ್ಲೂ-ರೇಯೂ ಓಡುತ್ತದೆ, ಡಿವಿಡಿಯೂ ಓಡುತ್ತದೆ, ಹಾಗಾಗಿ ಮೊದಲು ಪ್ಲೇಯರ್ ಬದಲಿಸಿ ಡಿಸ್ಕ್‌ಗಳನ್ನು ನಿಧಾನಕ್ಕೆ ತಗೊಂಡರೆ ನಷ್ಟವಿಲ್ಲ. ಮಕ್ಕಳಿಗೆ ಅಂತ ಡಿಸ್ಕ್ ಡ್ರೈವ್ ಇರುವ ಪಿಎಸ್5 (ಪ್ಲೇಸ್ಟೇಷನ್ 5 ಆಟದ ಯಂತ್ರ) ಮನೆಯಲ್ಲಿದ್ದರೆ ಅದರಲ್ಲೇ 4ಕೆ ಡಿಸ್ಕ್ ನಡೆಯುತ್ತದೆ, ಎಚ್‌ಡಿಆರ್‌ನ ಒಂದು ಬಗೆಯಾದ ಡಾಲ್ಬಿ ವಿಷನ್ ಮಾತ್ರ ಇಲ್ಲ. ಪಿಎಸ್4 ಪ್ರೊದಲ್ಲಿ ನಡೆಯುವುದಿಲ್ಲ.

ಹೊರದೇಶದಿಂದ ತರಿಸುವವರಿಗೆ ಒಂದು ಮಾತು. ಬ್ಲೂ-ರೇಗೆ ಎ, ಬಿ, ಸಿ ಅಂತ ಮೂರು ವಲಯ, ಭಾರತ ಇರೋದು ಸಿ ವಲಯದಲ್ಲಿ. ಅಮೆರಿಕದಲ್ಲಿರುವ ಮಗಳು ಬರುವಾಗ ತಂದ ಬ್ಲೂ-ರೇ ಇಲ್ಲಿನ ಪ್ಲೇಯರ್‌ನಲ್ಲಿ ಓಡದೇ ಹೋಗಬಹುದು, ಅದು ಎ ವಲಯದ್ದು. 4ಕೆ ಡಿಸ್ಕ್‌ಗೆ ಈ ವಲಯದ ಬೀಗ ಇಲ್ಲ, ಎಲ್ಲಿಂದ ತಂದರೂ ಓಡುತ್ತದೆ. ಆದರೆ ಅದೇ ಡಬ್ಬದಲ್ಲಿ ಜೊತೆಗೆ ಬ್ಲೂ-ರೇ ಇಟ್ಟಿರುತ್ತಾರಲ್ಲ, ಅದಕ್ಕೆ ಬೀಗ ಇರಬಹುದು, ಸಂದರ್ಶನ ಮುಂತಾದ ಹೆಚ್ಚುವರಿ ವಿಡಿಯೋಗಳು ಎಷ್ಟೋ ಸಲ ಅದರಲ್ಲೇ ಇರುತ್ತವೆ.

ಕೊನೆಯದಾಗಿ ನಮ್ಮ ಕನ್ನಡದ ಕಪಾಟು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಆ ಕಾಲದಲ್ಲಿ ಮನೆ ಸೇರಿದ ಹಳೇ ಕನ್ನಡ ಸಿನಿಮಾಗಳಲ್ಲಿ ಎಷ್ಟೋ ಮುಂದೆ ಯಾವ ಒಳ್ಳೆಯ ರೂಪದಲ್ಲೂ ಬರಲೇ ಇಲ್ಲ. ವಿಸಿಡಿ ಅಂದರೆ 352 ಬೈ 288, ಬರೀ ಒಂದು ಲಕ್ಷ ಚುಕ್ಕಿ. ದೊಡ್ಡ ಟಿವಿಯಲ್ಲಿ ನೋಡಿದರೆ ಸಂಕಟವಾಗುತ್ತದೆ, ನಿಜ. ಆದರೂ ಎಸೆಯಬೇಡಿ. ಯೂಟ್ಯೂಬ್‌ನಲ್ಲಿ ಇದೆಯಲ್ಲ ಅನ್ನಬೇಡಿ, ಅಲ್ಲಿ ಎಷ್ಟೋ ಸಲ ಹಾಡು ಕತ್ತರಿಸಿರುತ್ತಾರೆ, ನಾಳೆ ತೆಗೆದರೂ ತೆಗೆದರು. ಕೆಲವು ಹೊಸ ಪ್ಲೇಯರ್‌ಗಳು ವಿಸಿಡಿ ಓದುವುದಿಲ್ಲ, ಹಾಗಾಗಿ ಹಳೇ ಡಿವಿಡಿ ಪ್ಲೇಯರನ್ನು ಗುಜರಿಗೆ ಹಾಕುವ ಮುಂಚೆ ಒಂದು ಸಲ ಯೋಚಿಸಿ. ಡಿಸ್ಕ್‌ಗಳನ್ನು ಒಂದರ ಮೇಲೊಂದು ಪೇರಿಸದೆ ಡಬ್ಬದಲ್ಲಿ ನೇರವಾಗಿ ನಿಲ್ಲಿಸಿ, ಬಿಸಿಲು ಬೀಳದ, ಮಳೆಗಾಲದಲ್ಲಿ ಗೋಡೆ ಒಸರದ ಜಾಗದಲ್ಲಿಡಿ. ಒರೆಸುವಾಗ ಮಧ್ಯದಿಂದ ಅಂಚಿನ ಕಡೆಗೆ ಒರೆಸಿ, ಸುತ್ತಲೂ ತಿರುಗಿಸಬೇಡಿ.

ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ'ವನ್ನು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಉದ್ಧಾರ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂದರೆ ನಮ್ಮ ಸಿನಿಮಾಕ್ಕೂ ಇದು ಸಾಧ್ಯ. ಹೊಸ ಡಿಸ್ಕ್‌ಗೆ ಅಂತ ನೀವು ತೆಗೆದಿಟ್ಟ ದುಡ್ಡಿನಲ್ಲಿ, ಇಂಥ ಒಂದು ಕನ್ನಡ ಸಿನಿಮಾ ಯಾವ ಫಾರ್ಮ್ಯಾಟ್‌ನಲ್ಲಿ ಹೊರಬಂದರೂ ಮೊದಲ ವಾರದಲ್ಲೇ ಕೊಂಡುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ, ಮಾಡುವವರಿಗೆ ಮುಂದಿನದನ್ನು ಮಾಡೋಕೆ ಧೈರ್ಯ ಬರೋದು ಹಾಗೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಟಿವಿಯ ಮಾಡೆಲ್ ನಂಬರ್ ಗೊತ್ತಿದ್ದರೆ ಅದನ್ನೂ ಹೇಳಿ.