ಬಂದರು ಹತ್ತಿರ, ಹಾಸನ ದೂರ

ಕೇಳುಗರಿಗೆ ನಮಸ್ಕಾರ.

ಹಾಸನದ ಹತ್ತಿರ ಹೆದ್ದಾರಿ ಕೆಲಸ ನಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ಗುತ್ತಿಗೆದಾರರು ಜರ್ಮನಿಯಿಂದ ಒಂದು ದೊಡ್ಡ ಮಷೀನ್ ತರಿಸುತ್ತಾರೆ. ಅದು ಹಡಗಿನಲ್ಲಿ ಬರಬೇಕು. ಯಾವ ಬಂದರಿಗೆ ತರಿಸುವುದು? ನಕ್ಷೆ ಬಿಡಿಸಿದರೆ ಉತ್ತರ ಎದುರಿಗೇ ಇದೆ. ಮಂಗಳೂರಿನ ಪಣಂಬೂರು. ಅಲ್ಲಿಂದ ಹಾಸನಕ್ಕೆ ಸುಮಾರು 180 ಕಿಲೋಮೀಟರ್. ಚೆನ್ನೈಯಿಂದಾದರೆ 500 ದಾಟುತ್ತದೆ. ಆದರೂ ಭಾರದ ಸಾಮಾನು ಸಾಗಿಸುವವರನ್ನು ಕೇಳಿ ನೋಡಿ. ತಲೆ ಕೆರೆದುಕೊಂಡು, "ಚೆನ್ನೈಗೇ ಇಳಿಸಿ ಸಾರ್" ಅನ್ನುವವರು ಕಡಿಮೆ ಇಲ್ಲ.

ಯಾಕೆ? ಮಧ್ಯದಲ್ಲಿ ಶಿರಾಡಿ ಘಾಟಿ ಇದೆ, ಅದಕ್ಕೆ.

ಎತ್ತರ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಬೆಂಗಳೂರೂ ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ಘಾಟಿಯ ಮೇಲಿನ ಸಕಲೇಶಪುರವೂ 900 ದಾಟುತ್ತದೆ. ಚೆನ್ನೈಯಿಂದ ಬರುವ ರಸ್ತೆ ಆ ಎತ್ತರವನ್ನು ಮುನ್ನೂರೈವತ್ತು ಕಿಲೋಮೀಟರ್ ಉದ್ದಕ್ಕೂ ಹಂಚಿಕೊಂಡು ಏರುತ್ತದೆ. ವೆಲ್ಲೂರು, ಕೃಷ್ಣಗಿರಿ, ಹೊಸೂರು ಅಂತ ನಿಧಾನಕ್ಕೆ. ನಮ್ಮ ಕಡೆ ಹಾಗಲ್ಲ. ಘಾಟಿಯ ಬುಡದ ಗುಂಡ್ಯದವರೆಗೆ ಬಹುತೇಕ ತಗ್ಗಿನಲ್ಲೇ ಬಂದು, ಅಲ್ಲಿಂದ ಮುಂದಿನ ಮೂವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಏರಬೇಕು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಂಪುಹೊಳೆ. ಕಾರಿನವರಿಗೆ ಇದು ಚಂದದ ದಾರಿ. ಅರವತ್ತು ಎಪ್ಪತ್ತು ಟನ್ ಎಳೆಯುವವನಿಗೆ ಅಲ್ಲ.

ನಾನು ಮಂಗಳೂರಿನವನು, ಸಾಗಾಟದ ಕೆಲಸದ ನಡುವೆಯೇ ಬದುಕಿದವನು. ನಮ್ಮ ಬಂದರಿನ ಮೇಲೆ ನನಗೆ ಅಭಿಮಾನ ಇದ್ದೇ ಇದೆ. 1975ರ ಜನವರಿಯಲ್ಲಿ ಉದ್ಘಾಟನೆಯಾದ ಬಂದರು ಇದು. ಆದರೆ ಬಂದರು ಎಷ್ಟು ದೊಡ್ಡದು ಅನ್ನುವುದು ಅದರ ಹಿಂದಿರುವ ರಸ್ತೆಯ ಮೇಲೆ ನಿಂತಿದೆ ಅಂತ ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು.

ಯಾವ ಮಷೀನ್‌ಗಳ ಮಾತು ಇದು? ಹಳೇ ಡಾಂಬರನ್ನು ಕೆರೆದು ತೆಗೆಯುವ ಮಿಲ್ಲಿಂಗ್ ಮಷೀನ್ ಇದೆ. ಎರಡು ಮೀಟರ್ ಅಗಲ ಕೆರೆಯುವಂಥದ್ದು ಸುಮಾರು 30 ಟನ್ ತೂಗುತ್ತದೆ. ಕಾಂಕ್ರೀಟ್ ರಸ್ತೆ ಹಾಕುವ ಸ್ಲಿಪ್‌ಫಾರ್ಮ್ ಪೇವರ್ ಇದೆ. ನಾಲ್ಕು ಚೈನ್ ಕಾಲುಗಳ ಮೇಲೆ ನಿಂತು, ಎರಡು ಲೇನ್ ಅಗಲದ ರಸ್ತೆಯನ್ನು ಒಂದೇ ಸಲಕ್ಕೆ ಎರೆಯುತ್ತಾ ಹೋಗುತ್ತದೆ. ದೊಡ್ಡ ಡೋಜರ್ ಇದೆ. ನಲವತ್ತು ಟನ್ನಿನ ಡೋಜರಿನ ಬ್ಲೇಡ್ ಒಂದೇ ಸುಮಾರು ನಾಲ್ಕು ಮೀಟರ್ ಅಗಲ.

ನಮ್ಮ ಕಾನೂನಿನಲ್ಲಿ ರಸ್ತೆಯ ಮೇಲೆ ಹೋಗುವ ಗಾಡಿಯ ಅಗಲ 2.6 ಮೀಟರ್ ದಾಟಬಾರದು. ದಾಟಿದರೆ ಅದು ಓ.ಡಿ.ಸಿ. ಓವರ್ ಡೈಮೆನ್ಷನಲ್ ಕಾರ್ಗೋ, ಅಂದರೆ ಅಳತೆ ಮೀರಿದ ಸರಕು. ಓ.ಡಿ.ಸಿ. ಅಂತ ಬೋರ್ಡ್ ಹಾಕಿಕೊಂಡ ಗಾಡಿಗಳನ್ನು ನೀವು ನೋಡಿರುತ್ತೀರಿ. ಇದಕ್ಕೆ ಬೇರೆ ಪರವಾನಗಿ ಬೇಕು. ಬಿಡಿಸಿ ಒಯ್ಯಬಹುದಾದ ಸಾಮಾನಿಗೆ ಆ ಪರವಾನಗಿ ಸಿಗುವುದಿಲ್ಲ. ಡೋಜರ್ ತರುತ್ತೀರಾ? ಮೊದಲು ಬ್ಲೇಡ್ ಬಿಚ್ಚಿ ಬೇರೆ ಲಾರಿಗೆ ಹಾಕಿ. ಪೇವರಿನ ಅಚ್ಚನ್ನು ಕಳಚಿ, ಮಿಲ್ಲಿಂಗ್ ಮಷೀನಿನ ಕನ್ವೇಯರ್ ಮಡಚಿ. ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಹೆಣ ಭಾರದ ಮೈ ಇದೆಯಲ್ಲ, ಅದಕ್ಕೆ ಮಾತ್ರ ಪರವಾನಗಿ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರದ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಆನ್‌ಲೈನ್ ಅರ್ಜಿ. ರಾಜ್ಯದ ರಸ್ತೆಗೆ ಇಳಿದರೆ ಲೋಕೋಪಯೋಗಿ ಇಲಾಖೆ. ಆಮೇಲೆ ಪೊಲೀಸರು, ಕರೆಂಟಿನ ಮೆಸ್ಕಾಂನವರು. ಕಾಗದಪತ್ರದ ಕತೆ ಇಷ್ಟು ಸಾಕು, ಅದರಲ್ಲಿ ರುಚಿ ಇಲ್ಲ.

ರುಚಿ ಇರುವುದು ಲೋಡ್ ಮಾಡುವುದರಲ್ಲಿ. ಚೈನಿನ ಮೇಲೆ ನಡೆಯುವ ಮಷೀನನ್ನು ಹಾಸು ನೆಲಕ್ಕೆ ತಗ್ಗಿರುವ ಲೋ ಬೆಡ್ ಟ್ರೇಲರಿಗೆ ಹತ್ತಿಸುವುದನ್ನು ಒಂದು ಸಲ ನಿಂತು ನೋಡಬೇಕು. ಟ್ರೇಲರಿನ ಹಿಂದೆ ಎರಡು ಕಬ್ಬಿಣದ ಇಳಿಜಾರು ಹಲಗೆ. ಉಕ್ಕಿನ ಮೇಲೆ ಉಕ್ಕು ಜಾರುತ್ತದೆ, ಅದಕ್ಕೆ ಮೊದಲೇ ಮರದ ಹಲಗೆ ಹಾಸಿರುತ್ತಾರೆ. ಆಪರೇಟರ್ ಮಷೀನನ್ನು ಇಂಚಿಂಚೇ ಮೇಲೆ ತರುತ್ತಾನೆ. ಮೂತಿ ಆಕಾಶ ನೋಡುತ್ತದೆ. ಇಳಿಜಾರು ಮುಗಿಯುವ ಜಾಗಕ್ಕೆ ಬಂದಾಗ ಒಂದು ಗಳಿಗೆ ಅಷ್ಟೂ ಭಾರ ಆ ಅಂಚಿನ ಮೇಲೆ ತೂಗುತ್ತಾ ನಿಲ್ಲುತ್ತದೆ. ಆಗ ಆಪರೇಟರಿಗೆ ಮುಂದೆ ಏನೂ ಕಾಣುವುದಿಲ್ಲ. ಅವನ ಕಣ್ಣು ಕೆಳಗೆ ನಿಂತವನ ಕೈಯ ಮೇಲೆ ಮಾತ್ರ. ಆ ಕೈ ಮುಷ್ಟಿ ಕಟ್ಟಿತೋ, ನಿಲ್ಲಬೇಕು. ಬೆರಳು ಆಡಿತೋ, ಇನ್ನೊಂದು ಚೂರು ಮುಂದೆ. ಆಮೇಲೆ ಮೂತಿ ಮೆಲ್ಲಗೆ ಬಗ್ಗಿ, ಮೈಯೆಲ್ಲ ಟ್ರೇಲರಿನ ಮೇಲೆ ಕೂರುತ್ತದೆ. ಅವಸರ ಮಾಡಿದರೆ ಕೂರುವುದಿಲ್ಲ, ಬೀಳುತ್ತದೆ. ಆ ಹೊತ್ತಿಗೆ ಕೂಗುವವರು ಯಾರೂ ಇರಬಾರದು. ಕೈ ತೋರಿಸುವವನು ಒಬ್ಬನೇ ಇರಬೇಕು. ಹತ್ತು ಜನ ಹತ್ತು ಕಡೆಯಿಂದ "ಬರ್ಲಿ ಬರ್ಲಿ" ಅಂದರೆ ಕೆಟ್ಟಿತು ಅಂತಲೇ ಲೆಕ್ಕ.

ಆಮೇಲೆ ಚೈನು, ಬಿಗಿಯುವ ಬೈಂಡರು. ನಾಲ್ಕು ಮೂಲೆಯಿಂದ ಎಳೆದು ಕಟ್ಟುತ್ತಾರೆ. ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲಿಸಿ ಬಿಗಿಯುತ್ತಾರೆ, ಯಾಕೆಂದರೆ ಅಲುಗಾಟಕ್ಕೆ ಚೈನು ಸಡಿಲ ಆಗಿಯೇ ಆಗುತ್ತದೆ.

ಇನ್ನೂ ಭಾರ ಜಾಸ್ತಿ ಇದ್ದರೆ ಲೋ ಬೆಡ್ ಸಾಲದು. ಹೈಡ್ರಾಲಿಕ್ ಆ್ಯಕ್ಸಲ್ ಬೇಕು. ಒಂದು ಸಾಲಿಗೆ ಎಂಟು ಟೈರ್, ಒಂದು ಸಾಲಿನ ಮೇಲೆ 18 ಟನ್‌ವರೆಗೆ. ಬೇಕಾದಷ್ಟು ಸಾಲು ಜೋಡಿಸುತ್ತಾ ಹೋಗಬಹುದು. ಹತ್ತು ಸಾಲು ಅಂದರೆ ಎಂಬತ್ತು ಟೈರ್. ಪ್ರತಿ ಸಾಲೂ ತಾನೇ ತಿರುಗುತ್ತದೆ, ತಾನೇ ಏರುತ್ತದೆ, ಇಳಿಯುತ್ತದೆ. ರಸ್ತೆ ಒಂದು ಕಡೆಗೆ ವಾಲಿದರೂ ಮೇಲಿನ ಹಾಸು ಮಟ್ಟವಾಗಿಯೇ ಇರುವಂತೆ ಮಾಡಬಹುದು. ಇದನ್ನು ನೋಡಿಕೊಳ್ಳುವ ಆಪರೇಟರ್ ಪುಲ್ಲರಿನ ಒಳಗೆ ಕೂರುವುದಿಲ್ಲ, ಪಕ್ಕದಲ್ಲಿ ನಡೆದುಕೊಂಡೇ ಬರುತ್ತಾನೆ. ಅಂದ ಹಾಗೆ, ಎಳೆಯುವ ಗಾಡಿಗೆ ಈ ಲೈನಿನಲ್ಲಿ ಪುಲ್ಲರ್ ಅಂತಲೇ ಹೆಸರು.

ಗಾಡಿ ಹೊರಡುವ ಮೊದಲೇ ಮುಗಿಯಬೇಕಾದ ದೊಡ್ಡ ಕೆಲಸ ಒಂದಿದೆ, ಸರ್ವೆ. ನನ್ನ ಪ್ರಕಾರ ಅರ್ಧ ಸಾಗಾಟ ಇದೇ. ಒಬ್ಬ ಟೇಪು, ಅಳತೆಯ ಕೋಲು ಹಿಡಿದು ಇಡೀ ದಾರಿ ಹೋಗಿ ಬರುತ್ತಾನೆ. ಕೂಳೂರು, ನಂತೂರು, ಪಡೀಲ್, ಬಿ.ಸಿ.ರೋಡ್, ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ. ಎಲ್ಲಿ ತಂತಿ ಜೋತಿದೆ, ಎಲ್ಲಿ ಹಂಪ್ ಎತ್ತರ ಇದೆ, ಯಾವ ಅಂಗಡಿಯ ಶೀಟು ರಸ್ತೆಗೆ ಚಾಚಿದೆ, ಯಾವ ವೃತ್ತದಲ್ಲಿ ಟ್ರೇಲರ್ ಒಂದೇ ಸಲಕ್ಕೆ ತಿರುಗುವುದಿಲ್ಲ, ಎಲ್ಲ ಬರೆದುಕೊಳ್ಳುತ್ತಾನೆ. ಲೋ ಬೆಡ್‌ಗೆ ಹಂಪು ದೊಡ್ಡ ಶತ್ರು. ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ ಇರುತ್ತದೆ. ಮುಂದಿನ ಚಕ್ರ ದಾಟಿ, ಹಿಂದಿನ ಚಕ್ರ ಇನ್ನೂ ಬಾರದೆ, ಮಧ್ಯದಲ್ಲಿ ಹೊಟ್ಟೆ ಕೂತುಬಿಟ್ಟರೆ ಮುಗಿಯಿತು. ಜಾಕಿ ಕೊಟ್ಟು, ಮರದ ದಿಮ್ಮಿ ತುರುಕಿ ಎತ್ತಬೇಕು. ಹಿಂದೆ ಉಪ್ಪಿನಂಗಡಿಯವರೆಗೂ ಹಾರನ್ ಕೇಳುತ್ತದೆ.

ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗೆ ಚತುಷ್ಪಥದ ಕೆಲಸ ವರ್ಷಗಟ್ಟಲೆ ನಡೆದಾಗ ಸರ್ವೆಯವರ ಪಾಡು ಕೇಳಬೇಡಿ. ಕಲ್ಲಡ್ಕದಲ್ಲಿ ಫ್ಲೈಓವರ್ ಎಬ್ಬಿಸುತ್ತಿದ್ದಾಗ ಇವತ್ತು ನೋಡಿ ಬಂದ ದಾರಿ ನಾಳೆ ಇರುತ್ತಿರಲಿಲ್ಲ. ತಮಾಷೆ ಅಂದರೆ, ರಸ್ತೆ ಮಾಡುವ ಮಷೀನಿಗೇ ಆ ರಸ್ತೆ ಕೆಲಸ ಅಡ್ಡ.

ಎತ್ತರದ ಲೆಕ್ಕವೂ ಹೀಗೇ, ಅಂಗುಲಗಳದ್ದು. ವಿದ್ಯುತ್ ರೈಲು ಓಡುವ ಕಡೆ ಲೆವೆಲ್ ಕ್ರಾಸಿಂಗಿನ ಎರಡೂ ಬದಿಗೆ ಕಬ್ಬಿಣದ ಕಮಾನು ನಿಲ್ಲಿಸಿರುತ್ತಾರೆ, ನೋಡಿದ್ದೀರಲ್ವಾ? ಅದರ ಎತ್ತರ 4.67 ಮೀಟರ್. ಟ್ರೇಲರಿನ ಹಾಸು ನೆಲದಿಂದ ಸುಮಾರು ಒಂದು ಮೀಟರ್. ಅಂದರೆ ಮಷೀನಿಗೆ ಉಳಿಯುವುದು ಮೂರೂವರೆ ಮೀಟರಿಗಿಂತ ಒಂದು ಗೇಣು ಹೆಚ್ಚು ಅಷ್ಟೆ. ಹೊಗೆ ಕೊಳವೆ ಬಿಚ್ಚುವುದು, ಮೇಲಿನ ಛಾವಣಿ ಇಳಿಸುವುದು, ಎಲ್ಲ ಈ ಒಂದು ಗೇಣಿಗಾಗಿ. ಊರೊಳಗಿನ ತಂತಿಗಳಿಗೆ ಒಣ ಬಿದಿರಿನ ಗಳ ಹಿಡಿದವನು ಮುಂದೆ ನಡೆಯುತ್ತಾನೆ. ಕೇಬಲ್ ಟಿವಿ ತಂತಿಯಾದರೆ ಗಳದಲ್ಲಿ ಎತ್ತಿ ಹಿಡಿದರೆ ಸಾಕು. ಕರೆಂಟಿನದ್ದಾದರೆ ಹಾಗಲ್ಲ. ಮೆಸ್ಕಾಂನವರು ಬಂದು ಲೈನ್ ಆಫ್ ಮಾಡುವವರೆಗೆ ಕಾಯಬೇಕು. ಒದ್ದೆ ಗಳ ಹಿಡಿದು ಧೈರ್ಯ ತೋರಿಸಲು ಹೋದವರು ಸತ್ತದ್ದು ಉಂಟು.

ಸೇತುವೆಗೆ ಬಂದರೆ ನಿಯಮ ಇನ್ನೂ ಬಿಗಿ. ಭಾರಿ ತೂಕದ ಗಾಡಿ ಸೇತುವೆಯ ಮೇಲೆ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ಅಂದರೆ ಮನುಷ್ಯ ನಡೆಯುವ ವೇಗದಲ್ಲಿ ಹೋಗಬೇಕು. ಆ ಹೊತ್ತಿಗೆ ಸೇತುವೆಯ ಮೇಲೆ ಬೇರೆ ಗಾಡಿ ಇರಬಾರದು. ಗಾಡಿ ನಟ್ಟ ನಡುವೆ ಹೋಗಬೇಕು. ನಡುಗೆರೆಯಿಂದ ಆಚೀಚೆ ಸರಿಯಲು ಎಂಜಿನಿಯರುಗಳ ಲೆಕ್ಕದಲ್ಲಿ ಇರುವ ಅವಕಾಶ ಬರೇ 300 ಮಿಲಿಮೀಟರ್, ಒಂದಡಿ. ಬ್ರೇಕ್ ಒತ್ತಲೇಬಾರದು. ಒತ್ತಿದರೆ ಅಷ್ಟು ಭಾರ ಸೇತುವೆಯನ್ನು ಉದ್ದಕ್ಕೆ ದೂಡುತ್ತದೆ. ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟುವಾಗ ಹಿಂದೆ ಮುಂದೆ ಗಾಡಿ ತಡೆದು ನಿಲ್ಲಿಸಿದರೆ ಜನ ಬೈಯುತ್ತಾರೆ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಕುಸಿದು, ಲಾರಿಯೊಂದು ನೀರಿಗೆ ಬಿದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅದು ಮಾಮೂಲಿ ಲಾರಿ. ಆಮೇಲಿಂದ ಬೈಗುಳ ಸ್ವಲ್ಪ ಕಡಿಮೆ ಆಗಿದೆ ಅಂತ ನನಗೆ ಅನಿಸುತ್ತದೆ.

ಇನ್ನು ಘಾಟಿ. 2015ರಲ್ಲಿ ಒಂದು ಸಲ, 2018ರಲ್ಲಿ ಒಂದು ಸಲ, ತಿಂಗಳುಗಟ್ಟಲೆ ಮುಚ್ಚಿ ಶಿರಾಡಿಗೆ ಕಾಂಕ್ರೀಟ್ ಹಾಕಿದರು. ಅದಕ್ಕೆ ಮೊದಲು ಅಲ್ಲಿನ ಗುಂಡಿಗಳಲ್ಲಿ ಆ್ಯಕ್ಸಲ್ ಮುರಿಯದೆ ಹೋದರೆ ಪುಣ್ಯ. ಈಗ ನೆಲ ಗಟ್ಟಿಯಾಗಿದೆ, ಏರು ಏರೇ ಆಗಿ ಉಳಿದಿದೆ. ಭಾರ ಹೆಚ್ಚಿದ್ದರೆ ಎರಡು ಪುಲ್ಲರ್ ಹಾಕುತ್ತಾರೆ. ಒಂದು ಮುಂದಿನಿಂದ ಎಳೆಯುತ್ತದೆ, ಇನ್ನೊಂದು ಹಿಂದಿನಿಂದ ದೂಡುತ್ತದೆ. ಇಬ್ಬರು ಡ್ರೈವರುಗಳ ಕಾಲು ಒಂದೇ ಮನಸ್ಸಿನಲ್ಲಿ ಆಡಬೇಕು. ಹಿಂದಿನವನು ಜಾಸ್ತಿ ದೂಡಿದರೆ ತಿರುವಿನಲ್ಲಿ ಟ್ರೇಲರ್ ಮಡಚಿಕೊಳ್ಳುತ್ತದೆ. ಕೈಯಲ್ಲಿ ವಾಕಿ ಟಾಕಿ ಇರುತ್ತದೆ. ಆದರೂ ಹಳಬರು ಹಿಂದಿನ ಎಂಜಿನ್ನಿನ ಸದ್ದು ಕೇಳಿಯೇ ಅಂದಾಜು ಮಾಡುತ್ತಾರೆ. ಕ್ಲೀನರ್ ಮರದ ದಿಮ್ಮಿ ಹೆಗಲ ಮೇಲೆ ಹೊತ್ತು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯುತ್ತಾನೆ. ಗಾಡಿ ನಿಂತಿತೋ, ದಿಮ್ಮಿ ಚಕ್ರದ ಕೆಳಗೆ. ಸಂಬಳದಲ್ಲಿ ಎಲ್ಲರಿಗಿಂತ ಕೆಳಗಿನವನು ಅವನು. ಆ ದಿಮ್ಮಿ ಇಡಲು ತಡವಾದರೆ ಕೋಟಿಗಟ್ಟಲೆಯ ಮಷೀನು ಕೆಂಪುಹೊಳೆಯ ಪಾಲು.

ಮಳೆಗಾಲದಲ್ಲಿ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಗುಡ್ಡ ಜರಿಯುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಹತ್ತಿರ ಮಣ್ಣು ಮತ್ತೆ ಮತ್ತೆ ರಸ್ತೆಗೆ ಬಿತ್ತು. ಜಿಲ್ಲಾಡಳಿತ ಭಾರಿ ಗಾಡಿಗಳನ್ನು ತಡೆಯಿತು ಅಂದರೆ ಮುಗಿಯಿತು. ಚಾರ್ಮಾಡಿ, ಆಗುಂಬೆ ಇಂಥ ಗಾಡಿಗೆ ದಾರಿಯೇ ಅಲ್ಲ. ಅದಕ್ಕೇ ತಿಳಿದವರು ಹಡಗನ್ನು ಮಳೆ ನೋಡಿಕೊಂಡು ತರಿಸುತ್ತಾರೆ. ಜೂನಿನಲ್ಲಿ ಪಣಂಬೂರಿಗೆ ಮಷೀನ್ ಇಳಿಸಿ, ಬಂದರಿನ ಬಾಡಿಗೆ ಕಟ್ಟುತ್ತಾ ಕೂತರೆ, ಚೆನ್ನೈಯ ಮುನ್ನೂರು ಕಿಲೋಮೀಟರ್ ಸುತ್ತು ಅಗ್ಗ ಅನಿಸುತ್ತದೆ. ನಮ್ಮ ಕರಾವಳಿಗೆ ಇದು ನಷ್ಟ. ನೂರು ಭಾಷಣ ಮಾಡಿದರೂ ಬಂದರಿಗೆ ಸರಕು ಬರುವುದಿಲ್ಲ. ವರ್ಷವಿಡೀ ತೆರೆದಿರುವ ಒಂದು ಘಾಟಿ ರಸ್ತೆ ಇದ್ದರೆ ತಾನಾಗಿ ಬರುತ್ತದೆ.

ಹಾಗಂತ ಬಯಲು ದಾರಿಯೂ ಸುಮ್ನೆ ಅಲ್ಲ. ಬೆಂಗಳೂರಿನ ಈಜಿಪುರಕ್ಕೆ ತಮಿಳುನಾಡಿನಿಂದ ಬಂದ ದೊಡ್ಡ ವಿಗ್ರಹದ ಕಲ್ಲು ನೆನಪಿದೆಯೇ? 240 ಚಕ್ರದ ಗಾಡಿ. 2018ರ ಡಿಸೆಂಬರಿನಲ್ಲಿ ಹೊರಟದ್ದು ಬಂದು ಮುಟ್ಟಿದ್ದು 2019ರ ಜೂನಿನಲ್ಲಿ. ಟೈರ್ ಒಡೆಯಿತು, ಸೇತುವೆಯ ಪಕ್ಕ ಮಣ್ಣಿನ ದಾರಿ ಮಾಡಬೇಕಾಯಿತು, ಊರೂರಲ್ಲಿ ಪೂಜೆ ಆಯಿತು. ಮಷೀನಿಗಾದರೆ ಪೂಜೆ ಮಾಡುವವರಿಲ್ಲ, ಬೈಯುವವರು ಮಾತ್ರ.

ಬೈಕಿನಲ್ಲಿ ಹೋಗುವವರಿಗೆ ಒಂದು ಮಾತು. ಉದ್ದ ಟ್ರೇಲರ್ ತಿರುಗುವಾಗ ಒಳಬದಿಯಿಂದ ನುಗ್ಗಬೇಡಿ, ಹಿಂದಿನ ಚಕ್ರಗಳು ಒಳಕ್ಕೆ ಕೊಯ್ದುಕೊಂಡು ಬರುತ್ತವೆ. ಹೈಡ್ರಾಲಿಕ್ ಆ್ಯಕ್ಸಲ್ ಆದರೆ ಹೊರಬದಿಯೂ ಬೇಡ. ಅದರ ಹಿಂದಿನ ಚಕ್ರಗಳೂ ತಿರುಗುವುದರಿಂದ ಬಾಲ ಹೊರಗೆ ಬೀಸುತ್ತದೆ. ಕೆಂಪು ಬಾವುಟದವನು ನಿಲ್ಲಿ ಅಂದರೆ ನಿಲ್ಲಿ. ಡ್ರೈವರಿಗೆ ನೀವು ಕಾಣುವುದಿಲ್ಲ, ಬಾವುಟದವನಿಗೆ ಮಾತ್ರ ಕಾಣುತ್ತೀರಿ.

ದೋಣಿಗಲ್ ದಾಟಿ ಸಕಲೇಶಪುರ ಮುಟ್ಟಿದರೆ ಡ್ರೈವರುಗಳು ಗಾಡಿ ಬದಿಗೆ ಹಾಕಿ, ಸ್ಟವ್ ಹಚ್ಚಿ ಅಡುಗೆಗೆ ಇಳಿಯುತ್ತಾರೆ. ಮುಂದೆ ಹಾಸನದವರೆಗೆ ತೊಂದರೆ ಕಡಿಮೆ. ಕೆಲಸದ ಜಾಗದಲ್ಲಿ ಮಷೀನ್ ಇಳಿಸಿದ ಮೇಲೆ ಹೈಡ್ರಾಲಿಕ್ ಆ್ಯಕ್ಸಲ್ ಖಾಲಿ ಎಳೆದುಕೊಂಡು ಬರುವುದು ಕಡಿಮೆ. ಸಾಲುಗಳನ್ನು ಬಿಡಿಸಿ, ಮಾಮೂಲಿ ಟ್ರೇಲರಿನ ಮೇಲೆ ಹೇರಿ ತರುತ್ತಾರೆ. ಟೈರೂ ಉಳಿಯಿತು, ಟೋಲೂ ಉಳಿಯಿತು. ಹೋಗುವಾಗ ಘಾಟಿಯಲ್ಲಿ ಅರ್ಧ ದಿನ ತಿಂದದ್ದು, ಇಳಿಯುವಾಗ ಬೇರೆ ಲಾರಿಗಳ ಹಿಂದೆ ಸಾಲಾಗಿ ಬಂದುಬಿಡುತ್ತದೆ. ಆಗ ಅದನ್ನು ತಿರುಗಿ ನೋಡುವವರೂ ಇಲ್ಲ.

ನಮಸ್ಕಾರ.